ಅರಬ್ಬಿ ಸಮುದ್ರದ ಗಮನಕ್ಕೆ

ಇವರಿಂದ,
ಸಂಚಾಲಕ,
ಕುಟುಂಬ ಪ್ರವಾಸ ಸಮಿತಿ,
ಬೆಂಗಳೂರು.

ಇವರಿಗೆ,
ಶ್ರೀ ಅರಬ್ಬಿ ಸಮುದ್ರ,
ಕಾರವಾರದಿಂದ ಉಳ್ಳಾಲದವರೆಗೆ,
ಕರ್ನಾಟಕ ಕರಾವಳಿ.

ವಿಷಯ: ಕ್ರಿಸ್‌ಮಸ್ ರಜೆಯಲ್ಲಿ ನಮ್ಮ ಕುಟುಂಬ ಕೈಗೊಳ್ಳಲಿರುವ ಹೊರಾಂಗಣ ಪ್ರವಾಸದ ವೇಳೆ ತಾವು ಪಾಲಿಸಬೇಕಾದ ವೇಳಾಪಟ್ಟಿಯ ಬಗ್ಗೆ.

ಉಲ್ಲೇಖ: ಕಳೆದ ಸಲ ತಾವು ನಡೆದುಕೊಂಡ ರೀತಿ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮ ಗಮನಕ್ಕೆ ತರುವುದೇನೆಂದರೆ, ಮಕ್ಕಳು ಮೊಬೈಲ್ ಬಿಟ್ಟು ಮೇಲೇಳುತ್ತಿಲ್ಲ, ಅವರನ್ನು ಒಂದಿಷ್ಟು ದಿನ ಬಿಸಿಲು, ಗಾಳಿ, ಮರಳಿಗೆ ಬಿಡಬೇಕು ಎಂದು ನಮ್ಮ ಕುಟುಂಬದ ವಾಟ್ಸ್‌ಆಪ್ ಗುಂಪಿನಲ್ಲಿ ಸರ್ವಾನುಮತದ ನಿರ್ಣಯವಾಗಿದೆ. ಈ ನಿರ್ಣಯಕ್ಕೆ ಬರುವಷ್ಟರಲ್ಲಿ ದೊಡ್ಡವರು ಯಾರೂ ಮೊಬೈಲ್ ಬಿಟ್ಟು ಮೇಲೇಳಲಿಲ್ಲ ಎಂಬುದು ಬೇರೆ ಮಾತು.

ಅದರಂತೆ ನಾನು ಎಕ್ಸೆಲ್‌ನಲ್ಲಿ ಪಟ್ಟಿಯೊಂದನ್ನು ತಯಾರಿಸಿದ್ದೇನೆ. ಬೆಳಿಗ್ಗೆ ಮಲ್ಪೆ, ಮಧ್ಯಾಹ್ನ ಮರವಂತೆ, ಸಂಜೆ ಮುರುಡೇಶ್ವರ. ಮರುದಿನ ಅಪ್ಸರಕೊಂಡ, ಹೊನ್ನಾವರ, ಮಿರ್ಜಾನ್ ಕೋಟೆ, ಸಮಯ ಸಿಕ್ಕರೆ ಯಾಣ. ಅದರ ಮರುದಿನ ಗೋಕರ್ಣದ ಬೀಚುಗಳೆಲ್ಲ, ಕತ್ತಲಾಗುವುದರೊಳಗೆ ಕಾರವಾರ. ‘ಪ್ರಕೃತಿ ಸವಿಯುವುದು’ ಎಂಬುದಕ್ಕೆ ಪ್ರತ್ಯೇಕ ಕಾಲಂ ಇಟ್ಟು ಜಾಗಕ್ಕೆ 20 ನಿಮಿಷ ಕೊಟ್ಟಿದ್ದೇನೆ. ಅದರಲ್ಲಿ ಫೋಟೊಗೆ 15. ಇಷ್ಟು ಉದಾರವಾದ ಪಟ್ಟಿ ತಮ್ಮ ದಡಕ್ಕೆ ಈವರೆಗೆ ಬಂದಿರಲಾರದು.

ಆದರೆ ತಮ್ಮ ಕಡೆಯಿಂದ ಸಹಕಾರ ಸಾಲದು.

ಮೊದಲನೆಯದಾಗಿ, ತಮ್ಮ ಹಾಜರಾತಿ. ದಿನಕ್ಕೆ ಎರಡು ಸಲ ಏರುತ್ತೀರಿ, ಎರಡು ಸಲ ಇಳಿಯುತ್ತೀರಿ. ಅದಕ್ಕೆ ನಮ್ಮ ಆಕ್ಷೇಪವಿಲ್ಲ. ಆದರೆ ಇವತ್ತು ಏರಿದ ಹೊತ್ತಿಗೆ ನಾಳೆ ಏರುವುದಿಲ್ಲ, ದಿನವೂ ಸುಮಾರು 50 ನಿಮಿಷ ತಡ. ವಿಚಾರಿಸಿದರೆ ಚಂದ್ರನ ಮೇಲೆ ಹಾಕುತ್ತೀರಿ. ಭೂಮಿ ಒಂದು ಸುತ್ತು ತಿರುಗುವಷ್ಟರಲ್ಲಿ ಅವನು ತನ್ನ ದಾರಿಯಲ್ಲಿ ಒಂದಿಷ್ಟು ಮುಂದೆ ಸಾಗಿರುತ್ತಾನಂತೆ, ಅವನನ್ನು ಹಿಡಿಯಲು ಅಷ್ಟು ಹೊತ್ತು ಬೇಕಂತೆ. ನಮ್ಮ ಕಚೇರಿಯಲ್ಲಿ ಸಿಲ್ಕ್ ಬೋರ್ಡ್ ಸಿಗ್ನಲ್ ಮೇಲೆ ಹಾಕಿದರೂ ಹತ್ತು ನಿಮಿಷಕ್ಕಿಂತ ಹೆಚ್ಚು ಮಾಫಿ ಇಲ್ಲ. ಹುಣ್ಣಿಮೆ, ಅಮಾವಾಸ್ಯೆ ಬಂದರಂತೂ ತಮ್ಮ ಏರಿಳಿತ ಇನ್ನೂ ಜೋರು.

ಕಳೆದ ಸಲದ ಪಟ್ಟಿಗೆ ಇದರಿಂದಾದ ನಷ್ಟ ಕೇಳಿ. ಹೊನ್ನಾವರದ ಬಳಿ ಶರಾವತಿ ಹಿನ್ನೀರಿನಲ್ಲಿ ಕಾಂಡ್ಲಾ ಕಾಡಿನ ನಡುವೆ ಮರದ ಹಲಗೆಯ ಕಾಲುದಾರಿ ಮಾಡಿದ್ದಾರೆ. ಅಲ್ಲಿ ಗಿಡಗಳ ಉಸಿರಾಟದ ಬೇರುಗಳು ಕೆಸರಿನಿಂದ ಮೊಳೆಗಳ ಹಾಗೆ ನೆಟ್ಟಗೆ ಎದ್ದು ನಿಂತಿರುತ್ತವೆ ಎಂದು ಓದಿ, ಮಕ್ಕಳಿಗೆ ವಿಜ್ಞಾನದ ಪಾಠವೂ ಆದೀತೆಂದು ಕರೆದೊಯ್ದೆ. ಸರಿಯಾಗಿ ನಮ್ಮ 20 ನಿಮಿಷದಲ್ಲೇ ತಾವು ಬಂದು ಬೇರುಗಳನ್ನೆಲ್ಲ ಮುಚ್ಚಿಕೊಂಡು ಕೂತಿದ್ದಿರಿ. ಅಲ್ಲಿದ್ದವರೊಬ್ಬರು, ‘ಭರತ ಇಳಿದ ಮೇಲೆ ಬನ್ನಿ, ಬೇರೂ ಕಾಣುತ್ತದೆ, ಕೆಸರಿನಲ್ಲಿ ಕುಪ್ಪಳಿಸುವ ಮೀನೂ ಕಾಣುತ್ತದೆ’ ಎಂದರು. ಇಳಿದ ಮೇಲೆ ನಮ್ಮದು ಮಿರ್ಜಾನ್ ಕೋಟೆ.

ಎರಡನೆಯದಾಗಿ, ತಮ್ಮ ವಾರ್ಷಿಕ ಕ್ಯಾಲೆಂಡರ್. ಶಾಲೆಗೆ ದೊಡ್ಡ ರಜೆ ಇರುವುದು ಏಪ್ರಿಲ್, ಮೇ ತಿಂಗಳಲ್ಲಿ. ಆಗ ತಮ್ಮಲ್ಲಿ ಸೆಖೆ, ಒಣಗಿದ ಅಂಗಿ ತೊಟ್ಟ ಐದೇ ನಿಮಿಷಕ್ಕೆ ಹಿಂಡುವ ಹಾಗಾಗುತ್ತದೆ. ಸೆಖೆ ಹೋಯಿತೆನ್ನುವಷ್ಟರಲ್ಲಿ ಮಳೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ, ಮೀನು ಮೊಟ್ಟೆಯಿಡುವ ಕಾಲವಂತೆ. ಮೀನುಗಳಿಗೆ ಎರಡು ತಿಂಗಳ ರಜೆ ಮಂಜೂರಾಗುವ ದೇಶದಲ್ಲಿ ನಾನು ನಾಲ್ಕು ದಿನ ಕೇಳಿದ್ದಕ್ಕೆ ಮ್ಯಾನೇಜರರು ಹುಬ್ಬೇರಿಸಿದರು. ಆಗಸ್ಟ್ 15ಕ್ಕೆ ಬಂದರೆ ತಮ್ಮ ದಡದ ಉದ್ದಕ್ಕೂ ಕೆಂಪು ಬಾವುಟ. ಸ್ವಾತಂತ್ರ್ಯ ದಿನದಂದೇ ನೀರಿಗಿಳಿಯುವ ಸ್ವಾತಂತ್ರ್ಯವಿಲ್ಲದಿರುವುದನ್ನು ಸಮಿತಿ ಖಂಡಿಸಿದೆ. ಉಳಿದದ್ದು ಡಿಸೆಂಬರ್. ಆಗ ತಾವೇನೋ ಸೌಮ್ಯ, ಆದರೆ ರೂಮಿನ ಬಾಡಿಗೆ ಉಗ್ರ.

ಮೂರನೆಯದಾಗಿ, ಸೇಂಟ್ ಮೇರಿಸ್ ದ್ವೀಪ. ಮಲ್ಪೆಯಿಂದ ದೋಣಿ ಹತ್ತಿ ಹೋದೆವು. ಕಂಬ ಕಂಬವಾಗಿ ನಿಂತ ಬಂಡೆಗಳು, ಹಲವಕ್ಕೆ ಆರು ಮುಖ. ಹರಿದ ಶಿಲಾರಸ ತಣಿಯುತ್ತ ಕುಗ್ಗಿ ಬಿರುಕು ಬಿಟ್ಟು ಹೀಗೆ ಕಂಬಗಳಾದವಂತೆ; ಸುಮಾರು 8.8 ಕೋಟಿ ವರ್ಷದ ಹಿಂದೆ, ಮಡಗಾಸ್ಕರ್ ನಮ್ಮಿಂದ ಪಾಲು ಕೇಳಿ ಬೇರೆಯಾದ ಕಾಲದ್ದು. ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಿದ್ದಾರೆ. ನಮ್ಮ ಚಿಕ್ಕಪ್ಪ ಒಂದು ಕಂಬಕ್ಕೆ ಒರಗಿ, ‘ಇದನ್ನು ನೋಡೋಕೆ ಇಷ್ಟು ದೂರ ಬರಬೇಕಿತ್ತೇ?’ ಎಂದು ಕೇಳಿದರು. ಪ್ರಶ್ನೆ ನ್ಯಾಯವಾದದ್ದೇ. ಲಾಲ್‌ಬಾಗ್‌ನ ಬಂಡೆಗೂ ಅದೇ ಪದವಿಯಿದೆ, ವಯಸ್ಸು ಸುಮಾರು 300 ಕೋಟಿ ವರ್ಷ. ಅದರ ಪಕ್ಕದ ಜಯನಗರದಲ್ಲೇ ಮೂವತ್ತು ವರ್ಷದಿಂದ ಇರುವ ಚಿಕ್ಕಪ್ಪ ಅದನ್ನು ಹತ್ತಿಲ್ಲ. ಅಲ್ಲಿಗೆ ಹೋಗಲು ರಜೆ ಹಾಕುವ ಪದ್ಧತಿ ಇಲ್ಲ.

ಇಷ್ಟೆಲ್ಲ ದೂರಿನ ನಡುವೆ ಹೊಗಳಬೇಕಾದದ್ದನ್ನೂ ಹೊಗಳುತ್ತೇನೆ. ತಮ್ಮ ಇಡೀ ದಡದಲ್ಲಿ ಶಿಸ್ತಿನ ಜಾಗವೆಂದರೆ ಮರವಂತೆ. ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ತಾವು, ಇನ್ನೊಂದು ಬದಿಗೆ ಸೌಪರ್ಣಿಕಾ ನದಿ. ಎ.ಸಿ. ಆರಿಸದೆ, ಚಪ್ಪಲಿಗೆ ಮರಳು ತಾಗದೆ, ಕಾರಿನಲ್ಲೇ ಕೂತು ಹೊರಾಂಗಣ ಪ್ರವಾಸ ಮುಗಿಸಬಹುದು. ಎರಡೂ ಕಿಟಕಿಗೆ ನೀರು ಕಾಣುವುದರಿಂದ ಮಕ್ಕಳ ಜಗಳವೂ ಇಲ್ಲ. ಮುರುಡೇಶ್ವರದ ಬಗ್ಗೆಯೂ ತೃಪ್ತಿಯಿದೆ. ಇಪ್ಪತ್ತು ಅಂತಸ್ತಿನ ರಾಜಗೋಪುರಕ್ಕೆ ಲಿಫ್ಟ್ ಇದೆ. ಚಾರಣಪ್ರಿಯರಾದ ನಮಗೆ ಇದಕ್ಕಿಂತ ಬೇರೇನು ಬೇಕು? ಗೋಕರ್ಣದಲ್ಲಿ ಮಾತ್ರ ಓಂ ಬೀಚಿನಿಂದ ಹಾಫ್ ಮೂನ್, ಪ್ಯಾರಡೈಸ್ ಎಂದು ಗುಡ್ಡದ ಅಂಚಿನಲ್ಲಿ ನಡೆದೇ ಹೋಗಬೇಕಂತೆ, ಇಲ್ಲವೇ ದೋಣಿ. ಸ್ವರ್ಗಕ್ಕೆ ಪಾರ್ಕಿಂಗ್ ಇಲ್ಲದಿರುವುದು ದೊಡ್ಡ ಕೊರತೆ.

ಕಾಸರಕೋಡಿನ ಬೀಚಿಗೆ 2020ರಲ್ಲಿ ಬ್ಲೂ ಫ್ಲ್ಯಾಗ್ ಮಾನ್ಯತೆ ಬಂದಿದೆ, ಪಡುಬಿದ್ರಿಗೂ ಸಹ. ಕಾಸರಕೋಡಿನ ಮರಳು ಎಷ್ಟು ಚೊಕ್ಕಟವಾಗಿತ್ತೆಂದರೆ ನಮ್ಮ ಭಾವನಿಗೆ ಚಿಪ್ಸ್ ಪೊಟ್ಟಣ ಬಿಸಾಡಲು ಮನಸ್ಸೇ ಬರಲಿಲ್ಲ. ಮುಂದಿನ ಊರಿನವರೆಗೂ ಕೈಯಲ್ಲಿ ಹಿಡಿದು ಬಂದು ಅಲ್ಲಿ ಬಿಸಾಡಿದರು. ಇಲ್ಲಿ ತಮ್ಮ ಮೇಲೊಂದು ಆರೋಪವಿದೆ. ಪ್ರವಾಸಿಗರು ಪ್ರೀತಿಯಿಂದ ತಮಗೆ ಒಪ್ಪಿಸಿದ ಬಾಟಲಿ, ಪೊಟ್ಟಣ, ಒಂಟಿ ಚಪ್ಪಲಿಗಳನ್ನು ತಾವು ಮರುದಿನವೇ ದಡಕ್ಕೆ ತಂದು ಹಾಕುತ್ತೀರಿ. ಕೊಟ್ಟದ್ದನ್ನು ಹಿಂತಿರುಗಿಸುವುದು ನಮ್ಮ ಕಡೆ ಅವಮಾನ.

ನಾಲ್ಕನೆಯದು ತುಸು ಗಂಭೀರ. ಅಲೆಗಳು ಅಬ್ಬರಿಸುತ್ತಿದ್ದ ದಡದಲ್ಲಿ ಒಂದು ಪಟ್ಟಿ ಮಾತ್ರ ಅಲೆ ಒಡೆಯದೆ ಶಾಂತವಾಗಿ ಕಂಡಿತು. ಫೋಟೊಗೆ ಪ್ರಶಸ್ತ ಜಾಗವೆಂದು ಎಲ್ಲರನ್ನೂ ಅಲ್ಲಿ ಸಾಲಾಗಿ ನಿಲ್ಲಿಸುತ್ತಿದ್ದಂತೆ ಲೈಫ್‌ಗಾರ್ಡ್ ಸೀಟಿ ಊದುತ್ತ ಓಡಿ ಬಂದ. ಅಲೆ ದಡಕ್ಕೆ ತಳ್ಳಿದ ನೀರು ಒಟ್ಟಾಗಿ ವಾಪಸ್ ಹೋಗುವ ದಾರಿ ಅದು, ಸೆಳೆತ ಇರುವುದೇ ಅಲ್ಲಿ ಎಂದ. ಸಿಕ್ಕಿಕೊಂಡರೆ ದಡದ ಕಡೆ ನೇರ ಈಜಿ ಸುಸ್ತಾಗಬೇಡಿ, ದಡದ ಉದ್ದಕ್ಕೆ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಿದ್ದು ಆಮೇಲೆ ತಿರುಗಿ ಎಂದ. ಈಜು ಬಾರದವರು ಮೊಣಕಾಲಿನಷ್ಟು ನೀರಿನಲ್ಲೇ ಇರಿ ಎಂದ. ಈ ಉಪನ್ಯಾಸಕ್ಕೆ ನಮ್ಮ ಪಟ್ಟಿಯಲ್ಲಿ ಕಾಲಂ ಇರಲಿಲ್ಲ. ಅಪಾಯವನ್ನು ಅಪಾಯದ ಮುಖದಲ್ಲೇ ತೋರಿಸುವುದು ತಮ್ಮ ಕರ್ತವ್ಯ. ನಗುಮುಖ ಹೊತ್ತು ನಿಲ್ಲುವುದು ರಾಜಕಾರಣಿಗಳ ಹಕ್ಕು.

ಇಂಥ ರಗಳೆಯೇ ಬೇಡವೆಂದು ಈ ಸಲ ‘ಸೀ ವ್ಯೂ’ ಈಜುಕೊಳವಿರುವ ರೆಸಾರ್ಟ್ ನೋಡಿದ್ದೇವೆ. ಮಕ್ಕಳು ಕ್ಲೋರಿನ್ ನೀರಿನಲ್ಲಿ ನಿಂತು, ಐವತ್ತು ಹೆಜ್ಜೆ ಆಚೆಗಿರುವ ತಮ್ಮನ್ನು ಗಾಜಿನ ಗೋಡೆಯ ಮೂಲಕ ನೋಡಬಹುದು. ಅಲ್ಲದೆ ಅತ್ತೆಯವರು ಉಡುಪಿ, ಕೊಲ್ಲೂರು, ಇಡಗುಂಜಿ ದರ್ಶನ ಸೇರಿಸಿದ್ದಾರೆ. ಸರತಿಯಲ್ಲಿ ನಿಲ್ಲುವುದೂ ಹೊರಾಂಗಣವೇ ಎಂದು ಸಮಿತಿ ತೀರ್ಮಾನಿಸಿದೆ.

ಐದನೆಯದಾಗಿ, ತಮ್ಮ ಸಿಬ್ಬಂದಿಯ ನಡವಳಿಕೆ. ಕಳೆದ ಸಲ ನೀರು ಇಳಿದ ಹೊತ್ತಿನಲ್ಲಿ ನಮ್ಮ ಮಗಳು ಒದ್ದೆ ಮರಳಿನ ಮೇಲೆ ಕುಕ್ಕರುಗಾಲಿನಲ್ಲಿ ಕೂತವಳು ಏಳಲೇ ಇಲ್ಲ. ಹೋಗಿ ನೋಡಿದರೆ ಉಗುರಿನಷ್ಟು ದೊಡ್ಡ ಏಡಿ. ಬಿಲದಿಂದ ಹೊರಬಂದು ಎರಡೂ ಕೈಯಲ್ಲಿ ಮರಳು ಮೊಗೆದು ಬಾಯಿಗೆ ಹಾಕಿಕೊಳ್ಳುತ್ತದೆ, ಅದರಲ್ಲಿ ತಿನ್ನುವಂಥದ್ದನ್ನು ಸೋಸಿಕೊಂಡು ಉಳಿದ ಮರಳನ್ನು ಗುಂಡಗೆ ಉಂಡೆ ಕಟ್ಟಿ ಹಿಂದಕ್ಕೆ ಬಿಡುತ್ತದೆ. ಒಂದಾದ ಮೇಲೊಂದು, ಬಿಲದ ಸುತ್ತ ಸಾಲು ಸಾಲು. ನನ್ನ ಹೆಜ್ಜೆ ಬಿದ್ದದ್ದೇ ತಡ, ಒಳಗೆ ಮಾಯ. ‘ಅಪ್ಪಾ, ಅಲ್ಲಾಡಬೇಡ, ಮತ್ತೆ ಬರುತ್ತೆ’ ಎಂದಳು. ಬಂತು. ಆದರೆ ನೀರು ಏರಿದರೆ ಈ ಉಂಡೆಗಳೆಲ್ಲ ಅಳಿಸಿ ಹೋಗುತ್ತವೆ, ಮುಂದಿನ ಇಳಿತಕ್ಕೆ ಮತ್ತೆ ಮೊದಲಿನಿಂದ ಶುರು. ಟಿಕೆಟ್ ಇಲ್ಲ, ಫಲಕ ಇಲ್ಲ, ರೇಟಿಂಗ್ ಇಲ್ಲ. ನಮ್ಮ ಅಪ್ಸರಕೊಂಡ ಹಾಳಾದದ್ದು ಇದರಿಂದ. ‘ನಾಳೆನೂ ಇಲ್ಲೇ ಇರೋಣ’ ಎಂದು ಅವಳು ಹಟ ಹಿಡಿದಾಗ ಪಟ್ಟಿ ತೋರಿಸಿದೆ. ಮೊಬೈಲ್ ಕೇಳಲಿಲ್ಲವಲ್ಲ ಎಂದು ನನ್ನ ಹೆಂಡತಿ ಗೊಣಗಿದ್ದನ್ನು ನಡಾವಳಿಯಲ್ಲಿ ದಾಖಲಿಸಿಲ್ಲ.

ಒಂದೇ ಕಡೆ ಕೂತರೆ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲೇ ಉದಾಹರಣೆಯಿದೆ. ಯುವಕ ರವೀಂದ್ರನಾಥ ಟಾಗೋರರು, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆಂದು ಕಾರವಾರಕ್ಕೆ ಬಂದರು. ಮುರುಡೇಶ್ವರ ನೋಡಿದರೇ, ಯಾಣ ಮುಗಿಸಿದರೇ? ತಮ್ಮೆದುರು ಕೂತು ನಾಟಕವೊಂದನ್ನು ಬರೆದರು, ಅಷ್ಟೆ. ಅದರ ಹೆಸರೂ ‘ಪ್ರಕೃತಿಯ ಪ್ರತೀಕಾರ’ ಎಂಬ ಅರ್ಥದ್ದು. ನಮ್ಮ ಮಕ್ಕಳಿಗೆ ಅಂಥ ಗತಿ ಬಾರದಿರಲೆಂದೇ ಪಟ್ಟಿಯಲ್ಲಿ ಒಂದು ಚೌಕವನ್ನೂ ಖಾಲಿ ಬಿಟ್ಟಿಲ್ಲ.

ಆದ್ದರಿಂದ ತಮಗೆ ಸೂಚಿಸುವುದೇನೆಂದರೆ: ಪ್ರವಾಸದ ದಿನಗಳಲ್ಲಿ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ ಇಳಿತದಲ್ಲೇ ಇರತಕ್ಕದ್ದು. ಸೂರ್ಯಾಸ್ತವನ್ನು ನಮ್ಮ ಕಾರು ಪಾರ್ಕ್ ಆಗುವವರೆಗೆ ತಡೆಹಿಡಿಯತಕ್ಕದ್ದು. ಅಲೆಗಳು ಮಕ್ಕಳ ಪಾದದವರೆಗೆ ಬಂದು, ಫೋಟೊ ಆದ ನಂತರ ಅಪ್ಪಣೆ ಪಡೆದು ಹಿಂದಕ್ಕೆ ಸರಿಯತಕ್ಕದ್ದು. ಏಡಿಗಳು ನಮ್ಮ ಮಗಳ ಕಣ್ಣಿಗೆ ಬೀಳತಕ್ಕದ್ದಲ್ಲ.

ಈ ಪತ್ರ ತಲುಪಿದ ಏಳು ದಿನಗಳೊಳಗೆ ಲಿಖಿತ ಉತ್ತರ ಬಾರದಿದ್ದಲ್ಲಿ ತಮ್ಮ ಒಪ್ಪಿಗೆ ಇದೆಯೆಂದು ಭಾವಿಸಿ ಮುಂದುವರಿಯಲಾಗುವುದು.

ತಮ್ಮ ವಿಶ್ವಾಸಿ,
ಸಂಚಾಲಕ

ಲಗತ್ತು: ಎಕ್ಸೆಲ್ ಪಟ್ಟಿ, ಲ್ಯಾಮಿನೇಟ್ ಮಾಡಿಸಿದ್ದು.

ಪ್ರತಿಗಳು:
1. ಚಂದ್ರನಿಗೆ, ಮೇಲಿನ 50 ನಿಮಿಷಗಳ ಬಗ್ಗೆ ಕಾರಣ ಕೇಳಿ.
2. ನೈಋತ್ಯ ಮಾರುತಕ್ಕೆ, ಮುಂದಿನ ವರ್ಷ ಶಾಲಾ ಕ್ಯಾಲೆಂಡರ್ ನೋಡಿಕೊಂಡು ಬರುವಂತೆ ಕೋರಿ.
3. ಮಗಳಿಗೆ, ಮಾಹಿತಿಗಾಗಿ ಮಾತ್ರ. ಅಭಿಪ್ರಾಯ ಆಹ್ವಾನಿಸಿಲ್ಲ.