ಅಭ್ಯರ್ಥಿಯ ರಿಕವರಿ: ಒಂದು ಗುರ್ಲಾಪುರ ಪ್ರಬಂಧ

ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ ನೆಲದಾಳದ ಬಂಡೆಗೆ ನೀರು, ಮರಳು, ರಾಸಾಯನಿಕ ನುಗ್ಗಿಸಿ ಅನಿಲ ತೆಗೆಯುತ್ತಾರೆ. ಇದೇ ಫ್ರ್ಯಾಕಿಂಗ್. 2019ರಲ್ಲಿ ಇದನ್ನು ನಿಷೇಧಿಸಬೇಕೆಂದ ಅಧ್ಯಕ್ಷೀಯ ಅಭ್ಯರ್ಥಿ ಕಮಲಾ ಹ್ಯಾರಿಸ್, 2024ರಲ್ಲಿ ನಿಷೇಧಿಸುವುದಿಲ್ಲ ಎಂದರು. ಈ ನಡುವೆ ಬಂಡೆಯೇನೂ ಮೆತ್ತಗಾಗಿರಲಿಲ್ಲ.

ನಮ್ಮ ಘಟಪ್ರಭೆಯ ದಂಡೆಯಲ್ಲಿ ಅಭ್ಯರ್ಥಿಗಳ ಮಾತು ಬದಲಿಸಲು ಅನಿಲವಿಲ್ಲ, ಕಬ್ಬಿದೆ. ಆದ್ದರಿಂದ ಗೋಕಾಕ, ಮೂಡಲಗಿ, ಹುಕ್ಕೇರಿಗಳ ಪ್ರಚಾರಶಾಸ್ತ್ರವನ್ನು ರಿಕವರಿಯಿಂದಲೇ ಆರಂಭಿಸಬೇಕು. ಕಬ್ಬಿನಿಂದ ಇಳಿಯುವ ಸಕ್ಕರೆಯ ಪ್ರಮಾಣವೇ ರಿಕವರಿ. ಭಾಷಣದಿಂದ ಇಳಿಯುವ ಮತಕ್ಕೂ ಅದೇ ಅಳತೆ. ಒಂದೇ ವ್ಯತ್ಯಾಸ: ಭಾಷಣಕ್ಕೆ ತೂಕದ ಕಾಟಾ ಇಲ್ಲ.

ಮೊದಲನೆಯದು ದೂರದ ನಿಯಮ. ಕಬ್ಬಿನ ದರ ಯಾವಾಗಲೂ ಭಾಷಣಕಾರನ ಪಕ್ಷದ ಆಡಳಿತವಿಲ್ಲದ ಊರಲ್ಲಿ ನಿಗದಿಯಾಗುತ್ತದೆ. ಕಾಂಗ್ರೆಸ್ಸಿಗರ ಪ್ರಕಾರ ಅದು ದೆಹಲಿ, ಬಿಜೆಪಿಯವರ ಪ್ರಕಾರ ಬೆಂಗಳೂರು. ಇಬ್ಬರ ಮಾತೂ ಅರ್ಧ ಸತ್ಯ: ಎಫ್‌ಆರ್‌ಪಿ, ಅಂದರೆ ಕಬ್ಬಿನ ಕನಿಷ್ಠ ದರ, ಗೊತ್ತುಮಾಡುವುದು ಕೇಂದ್ರ, ಅದನ್ನು ಕೊಡಿಸಬೇಕಾದದ್ದು ರಾಜ್ಯ. ಎರಡು ಅರ್ಧ ಕೂಡಿದರೆ ಒಂದು ಪೂರ್ಣ ಸತ್ಯ ಆಗಬೇಕಿತ್ತು. ಆದದ್ದು ಬಾಕಿ ಬಿಲ್ಲು.

ಎರಡನೆಯದು ಬಂಧುತ್ವದ ನಿಯಮ. ಗೋಕಾಕದ 2019ರ ಡಿಸೆಂಬರ್ ಉಪಚುನಾವಣೆಯಲ್ಲಿ ಬಿಜೆಪಿಯ ರಮೇಶ ಜಾರಕಿಹೊಳಿ ಎದುರು ನಿಂತವರು ಅವರ ತಮ್ಮ, ಕಾಂಗ್ರೆಸ್ಸಿನ ಲಖನ್. ಇನ್ನೊಬ್ಬ ಸೋದರ ಸತೀಶರದು ಕಾಂಗ್ರೆಸ್, ಬಾಲಚಂದ್ರರದು ಬಿಜೆಪಿ. ಸತೀಶ್ ಶುಗರ್ಸ್ ಈ ಮನೆತನಕ್ಕೆ ಸೇರಿದರೆ, ಹುಕ್ಕೇರಿ ತಾಲ್ಲೂಕಿನ ಬೆಲ್ಲದ ಬಾಗೇವಾಡಿಯ ವಿಶ್ವರಾಜ್ ಶುಗರ್ಸ್ ಇನ್ನೊಂದು ರಾಜಕೀಯ ಮನೆತನವಾದ ಕತ್ತಿಯವರದು. ಹೀಗಾಗಿ ಕಬ್ಬು ಕೊಳ್ಳುವವರೂ ಮತ ಕೇಳುವವರೂ ಒಂದೇ ಅಂಗಳದಿಂದ ಹೊರಡುವುದುಂಟು. ಕಾರ್ಖಾನೆಯ ವಿರುದ್ಧ ಗುಡುಗುವಾಗ ಎತ್ತಿದ ಬೆರಳು ಯಾವ ದಿಕ್ಕಿಗೆ ಎಂಬುದನ್ನು ವಿದ್ವಾಂಸರು ಗಮನಿಸಬೇಕು, ಬಹುತೇಕ ಆಕಾಶದತ್ತ.

ಈ ಶಾಸ್ತ್ರಕ್ಕೆ ಅಪವಾದ ಒದಗಿದ್ದು 2025ರ ನವೆಂಬರಿನಲ್ಲಿ, ಮೂಡಲಗಿ ತಾಲ್ಲೂಕಿನ ಗುರ್ಲಾಪುರ ಕ್ರಾಸಿನಲ್ಲಿ. ಆ ಹಂಗಾಮಿಗೆ ಶೇ 10.25 ರಿಕವರಿಯ ಕಬ್ಬಿಗೆ ಕೇಂದ್ರದ ದರ ಟನ್ನಿಗೆ ₹3550. ಕಟಾವು ಮತ್ತು ಸಾಗಣೆಯ ಖರ್ಚನ್ನು ಅದರಲ್ಲೇ ಮುರಿಯುತ್ತಾರೆ; ಹೊಲದಿಂದ ಗೇಟಿನವರೆಗೆ ಹೋಗುವಷ್ಟರಲ್ಲಿ ದರವೂ ಸವೆಯುತ್ತದೆ. ರೈತರು ಆ ಖರ್ಚು ಕಳೆದು ಕೈಗೆ ₹3500 ಕೇಳಿ ರಸ್ತೆಯಲ್ಲೇ ಕೂತರು. ಮತ ಕೇಳದ ಸಭೆಗೂ ನಾಯಕರು ಬಂದರು. ಇದೂ ಈ ಶಾಸ್ತ್ರಕ್ಕೆ ಹೊಸ ದಾಖಲೆ.

ಕೊನೆಗೆ ₹3300ಕ್ಕೆ ಇತ್ಯರ್ಥವಾಯಿತು. ಅದರಲ್ಲಿ ₹50 ರಾಜ್ಯ ಸರ್ಕಾರದ ಪಾಲು.

ಸಂಶೋಧನೆ ಮುಂದುವರಿಸುವವರು ಮುಂದಿನ ಪ್ರಚಾರಸಭೆಗೆ ಕಳೆದ ಹಂಗಾಮಿನ ಬಿಲ್ಲಿನ ಚೀಟಿ ಒಯ್ಯಲಿ. ರಿಕವರಿ ಎಷ್ಟು ಹಿಡಿದರು, ಕಟಾವಿಗೆ ಎಷ್ಟು ಮುರಿದರು ಎಂದು ಮೈಕಿನ ಮುಂದೆಯೇ ಕೇಳಲಿ.