ಆದ್ಯವಾಚಕರ ಅಧ್ಯಾಯಗ್ರಂಥ ಸರಣಿ: ಚಯನ, ಮಾಪನ ಹಾಗೂ ತತ್ಸಂಬಂಧಿ ತಾಪತ್ರಯಗಳ ಒಂದು ಅನುಸಂಧಾನ

ಶಾಸ್ತ್ರಗ್ರಂಥವೆಂದ ಮೇಲೆ ಅದು ಅನುಬಂಧ ಚತುಷ್ಟಯದಿಂದಲೇ ಮೊದಲಾಗಬೇಕು ಎಂಬುದು ಹಿರಿಯರ ಕಟ್ಟಳೆ. ಅಧಿಕಾರಿ ಯಾರು, ವಿಷಯ ಏನು, ಸಂಬಂಧ ಯಾವುದು, ಪ್ರಯೋಜನ ಎಂಥದು? ಈ ಗ್ರಂಥಕ್ಕೆ ಅಧಿಕಾರಿ ಆರರಿಂದ ಒಂಬತ್ತರ ಪ್ರಾಯದ, ಮುಂದಿನ ಎರಡು ಹಲ್ಲು ಬಿದ್ದಿರುವ, ಅಕ್ಷರ ಕೂಡಿಸಿ ಓದಲು ಈಗಷ್ಟೇ ಕಲಿತ ಜೀವಿ. ವಿಷಯ ಎಂದರೆ ಆ ಜೀವಿಯ ಕೈಗೆ ಕೊಡಬೇಕಾದ ಪುಸ್ತಕಮಾಲೆ. ಚಿತ್ರವಿದ್ದೂ ಅದು ಚಿತ್ರಪುಸ್ತಕವಲ್ಲ, ಅಧ್ಯಾಯವಿದ್ದೂ ಕಾದಂಬರಿಯಲ್ಲ, ಒಂದು ಮುಗಿಯಿತೆನ್ನುವಷ್ಟರಲ್ಲಿ ಅದೇ ಪಾತ್ರಗಳು ಇನ್ನೊಂದರಲ್ಲಿ ಕಾದು ಕೂತಿರುತ್ತವೆ. ಇನ್ನು ಸಂಬಂಧ. ಜೀವಿಗೂ ಪುಸ್ತಕಕ್ಕೂ ನೇರ ಸಂಬಂಧವಿಲ್ಲ. ನಡುವೆ ಅಪ್ಪ, ಅಮ್ಮ, ಕ್ಲಾಸ್ ಟೀಚರು, ರೀಡಿಂಗ್ ಕೋಚು ಮತ್ತು ವಾಟ್ಸ್‌ಆ್ಯಪ್ ಗ್ರೂಪು ಅಡ್ಡ ನಿಂತಿವೆ. ಪ್ರಯೋಜನ? ಮಗು ಪುಸ್ತಕ ಓದುವುದೇ ಪ್ರಯೋಜನ ಎಂದುಕೊಂಡಿದ್ದರೆ ತಾವು ಈ ಶಾಸ್ತ್ರಕ್ಕೆ ಅನಧಿಕಾರಿಗಳು. ಇಲ್ಲಿನ ಪರಮ ಪ್ರಯೋಜನಕ್ಕೆ 'ಔಟ್‌ಕಮ್' ಎಂದು ಹೆಸರು.

ಈ ಅನುಸಂಧಾನಕ್ಕೆ ಪ್ರೇರಣೆ ಬೆಂಗಳೂರಿನ ಒಂದು ಶಾಲೆಯಲ್ಲಿ ಶನಿವಾರ ನಡೆದ ಪೋಷಕರ ಕಾರ್ಯಾಗಾರ. ತಮ್ಮನಿಗೆ ಆಫೀಸಿದ್ದ ಕಾರಣ ಅವನ ಮಗಳ ಪರವಾಗಿ ಪ್ರಬಂಧಕಾರನೇ ಹೋಗಿ ಕುಳಿತಿದ್ದ. ಪರದೆಯ ಮೇಲೆ ಪಿರಮಿಡ್ಡು, ಪಿರಮಿಡ್ಡಿನ ಮೇಲೆ ಬಾಣ, ಬಾಣದ ತುದಿಯಲ್ಲಿ ನಗುವ ಮಗು. ಆ ಮಗು ಏನು ಓದಿ ನಗುತ್ತಿದೆ ಎಂಬುದನ್ನು ಮಾತ್ರ ಯಾರೂ ಹೇಳಲಿಲ್ಲ.

ಪ್ರಥಮ ಅಧಿಕರಣ: ವಂಶಾವಳಿ

ಈ ಸಂಕಥನದ ಮೂಲಪುರುಷ ಅಮೆರಿಕದವನು. 1954ರಲ್ಲಿ ಜಾನ್ ಹರ್ಸಿ ಎಂಬ ಲೇಖಕ 'ಲೈಫ್' ಪತ್ರಿಕೆಯಲ್ಲಿ, ಶಾಲೆಯ ಒಂದನೇ ಪುಸ್ತಕಗಳು ಇಷ್ಟು ಸಪ್ಪೆಯಾಗಿದ್ದರೆ ಮಕ್ಕಳು ಓದು ಕಲಿಯುವುದಾದರೂ ಯಾಕೆ ಎಂದು ಕೇಳಿದ. ಕೇಳಿದ್ದು ಒಬ್ಬ ಪ್ರಕಾಶಕನ ಕಿವಿಗೆ ಬಿತ್ತು. ಆತ ಡಾ. ಸ್ಯೂಸ್‌ಗೆ ಒಂದು ಪದಪಟ್ಟಿ ಕೊಟ್ಟು, ಇದರೊಳಗೇ ಕಥೆ ಬರೆ, ಮಗು ಕೆಳಗಿಡದಂತೆ ಬರೆ ಎಂದ. 1957ರಲ್ಲಿ ಬಂದ 'ದ ಕ್ಯಾಟ್ ಇನ್ ದ ಹ್ಯಾಟ್'ನಲ್ಲಿ ಇರುವುದು 236 ಬೇರೆ ಬೇರೆ ಪದಗಳು, ಅಷ್ಟೆ. ಆಮೇಲೆ ಬೆನೆಟ್ ಸರ್ಫ್ ಎಂಬ ಪ್ರಕಾಶಕ ಐವತ್ತೇ ಪದದಲ್ಲಿ ಬರೆಯಬಲ್ಲೆಯಾ ಎಂದು ಪಂಥ ಕಟ್ಟಿದ. ಸ್ಯೂಸ್ 1960ರಲ್ಲಿ 'ಗ್ರೀನ್ ಎಗ್ಸ್ ಆ್ಯಂಡ್ ಹ್ಯಾಮ್' ಬರೆದು ಗೆದ್ದ.

ಶಾಸ್ತ್ರಕಾರರು ಇಲ್ಲಿಂದ ಹೆಕ್ಕಿಕೊಂಡದ್ದು 236 ಮತ್ತು 50 ಎಂಬ ಸಂಖ್ಯೆಗಳನ್ನು. ಬೆಕ್ಕನ್ನು ಅಲ್ಲೇ ಬಿಟ್ಟರು.

1970ರಲ್ಲಿ ಆರ್ನಾಲ್ಡ್ ಲೋಬೆಲ್ ಒಂದು ಕಪ್ಪೆ ಮತ್ತು ಒಂದು ನೆಲಗಪ್ಪೆಯನ್ನು ಗೆಳೆಯರನ್ನಾಗಿ ಮಾಡಿದ. ಒಟ್ಟು ನಾಲ್ಕೇ ಪುಸ್ತಕ. ಮೊದಲನೆಯದರಲ್ಲಿ ಒಂದು ಕಥೆ ಹೀಗಿದೆ. ನೆಲಗಪ್ಪೆಗೆ ಯಾವತ್ತೂ ಯಾರಿಂದಲೂ ಒಂದು ಕಾಗದ ಬಂದಿಲ್ಲ. ಅದಕ್ಕೇ ಬೇಜಾರಾಗಿ ಜಗಲಿಯ ಮೇಲೆ ಕೂತಿದೆ. ಕಪ್ಪೆ ಮನೆಗೆ ಓಡಿ ಒಂದು ಕಾಗದ ಬರೆದು, ತಲುಪಿಸು ಎಂದು ಬಸವನಹುಳುವಿನ ಕೈಗೆ ಕೊಡುತ್ತದೆ. ಬಸವನಹುಳು! ಕಾಗದ ಬರಲು ನಾಲ್ಕು ದಿನ. ಅದರಲ್ಲಿ ಏನಿದೆಯೆಂದು ಕಪ್ಪೆ ಮೊದಲೇ ಬಾಯಿಬಿಟ್ಟು ಹೇಳಿಯೂ ಆಗಿದೆ. ಆದರೂ ಇಬ್ಬರೂ ಜಗಲಿಯ ಮೇಲೆ ಕೂತು ಕಾಯುತ್ತಾರೆ. ಸಣ್ಣ ಸಣ್ಣ ಪದಗಳು, ಸಣ್ಣ ಸಣ್ಣ ವಾಕ್ಯಗಳು. ಆ ಕಾಯುವಿಕೆಯ ಮಟ್ಟ ಎಷ್ಟು ಎಂದು ಯಾವ ಪಿರಮಿಡ್ಡೂ ತೋರಿಸಲಾರದು. ಕ್ಷಮಿಸಿ, ಶಾಸ್ತ್ರ ಜಾರಿತು.

ದ್ವಿತೀಯ ಅಧಿಕರಣ: ಮಾಪನ ಮೀಮಾಂಸೆ

ಪುಸ್ತಕವನ್ನು ಓದಿ ನೋಡುವುದು ಅಶಾಸ್ತ್ರೀಯ, ಅಳೆಯುವುದೇ ಶಾಸ್ತ್ರೀಯ. ಲೆಕ್ಸೈಲ್ ಎಂಬ ಮಾಪನವು ಪದಗಳು ಎಷ್ಟು ಬಳಕೆಯವು, ವಾಕ್ಯ ಎಷ್ಟು ಉದ್ದ ಎಂಬುದನ್ನು ನೋಡಿ ಪುಸ್ತಕಕ್ಕೊಂದು ಅಂಕ ಕೊಡುತ್ತದೆ. ಹೀಗೆ ಅಳೆದಾಗ ಸ್ಟೈನ್‌ಬೆಕ್‌ನ 'ದ ಗ್ರೇಪ್ಸ್ ಆಫ್ ರಾತ್' ಕಾದಂಬರಿಯು 'ಡೈರಿ ಆಫ್ ಎ ವಿಂಪಿ ಕಿಡ್'ಗಿಂತ ಸುಲಭ ಎಂದು ಸಿದ್ಧವಾಗುತ್ತದೆ. ಆದ್ದರಿಂದ ತಮ್ಮ ಎರಡನೇ ಕ್ಲಾಸಿನ ಮಗುವಿಗೆ ಮೊದಲು ಬರಗಾಲ, ವಲಸೆ, ಬಂಡವಾಳಶಾಹಿ ಶೋಷಣೆ. ಕಮ್ಮಿ ಸುಲಭದ ತಮಾಷೆ ಆಮೇಲೆ.

ಈ ಮಾಪನವನ್ನು ಕನ್ನಡದ ನೆಲೆಯಲ್ಲಿ ಮುಖಾಮುಖಿಯಾಗಿಸುವುದು ಪ್ರಬಂಧಕಾರನ ಸ್ವಂತ ಕೊಡುಗೆ. ವಾಕ್ಯ ಗಿಡ್ಡವಾದಷ್ಟೂ ಸುಲಭ ಎಂಬುದು ಪೂರ್ವಪಕ್ಷವಷ್ಟೇ? ಹಾಗಾದರೆ 'ಹೋಗಬೇಕಾಗಿತ್ತಂತಲ್ಲವೇ?' ಎಂಬುದು ಒಂದೇ ಪದದ ವಾಕ್ಯ. ಇದಕ್ಕಿಂತ ಸುಲಭವಾದದ್ದು ವಾಙ್ಮಯದಲ್ಲೇ ಇರಲಾರದು. 'ಸ್ತ್ರೀ' ಒಂದೇ ಅಕ್ಷರ, ಅಂಗನವಾಡಿಗೆ ಯೋಗ್ಯ. 'ಅವಳು ಮರದ ಕೆಳಗೆ ಕೂತು ಮಾವಿನ ಹಣ್ಣು ತಿಂದಳು' ಎಂಬುದು ಏಳು ಪದದ ವಾಕ್ಯವಾದ್ದರಿಂದ ಸ್ನಾತಕೋತ್ತರ ಮಟ್ಟದ್ದು. ಈ ದೋಷವನ್ನು ಪರಿಹರಿಸಲು ಒತ್ತಕ್ಷರ ಗುಣಾಂಕ, ಅರ್ಕಾವತ್ತು ಸೂಚ್ಯಂಕ, ಮಹಾಪ್ರಾಣ ಸಾಂದ್ರತೆ ಎಂಬ ಮೂರು ಮಾನಗಳನ್ನು ಇಲ್ಲಿ ಪ್ರಸ್ತಾಪಿಸಲಾಗಿದೆ. ಮೂರನ್ನೂ ಕೂಡಿ, ಪುಟಗಳಿಂದ ಭಾಗಿಸಿ, ಬಂದ ಉತ್ತರವನ್ನು ಪುಸ್ತಕದ ಬೆನ್ನಿಗೆ ಅಂಟಿಸತಕ್ಕದ್ದು.

ಮಾಪನಗಳಲ್ಲಿ ಬಲು ಜನಪ್ರಿಯವಾದದ್ದು ಪಂಚಾಂಗುಲೀ ನ್ಯಾಯ. ಮಗು ಒಂದು ಪುಟ ಓದಬೇಕು. ಗೊತ್ತಿಲ್ಲದ ಪದ ಬಂದಾಗಲೆಲ್ಲ ಒಂದು ಬೆರಳು ಎತ್ತಬೇಕು. ಬೆರಳೇ ಏಳದಿದ್ದರೆ ಪುಸ್ತಕ ತೀರಾ ಸುಲಭ, ಎರಡು ಮೂರು ಎದ್ದರೆ ಸರಿಯಾದದ್ದು, ಐದೂ ಎದ್ದರೆ ಕಷ್ಟ, ವಾಪಸು ಇಡತಕ್ಕದ್ದು. ಇದನ್ನು ಪ್ರಬಂಧಕಾರನು ತಮ್ಮನ ಮಗಳ ಮೇಲೆ ಪ್ರಯೋಗಿಸಿದ. ಅವಳು ಆರಿಸಿದ್ದು ಡೈನೋಸಾರ್ ಪುಸ್ತಕ. ಮೊದಲ ಪುಟದ ಅರ್ಧಕ್ಕೇ ಐದು ಬೆರಳೂ ಎದ್ದವು.

"ಇದು ನಿನಗೆ ಕಷ್ಟ ಪುಟ್ಟಿ, ಬೇರೆ ತಗೋ."

"ಇನ್ನೊಂದು ಕೈ ಇದೆಯಲ್ಲ ದೊಡ್ಡಪ್ಪ!"

ಎಡಗೈಯನ್ನೂ ಎತ್ತಿ, ಪುಸ್ತಕ ಜಾರದಂತೆ ಮೊಣಕೈಯಿಂದ ಒತ್ತಿ ಹಿಡಿದು ಪುಟ ಮುಗಿಸಿದಳು. ಆ ಹೊತ್ತಿಗೆ ಎದ್ದ ಬೆರಳಿನ ಲೆಕ್ಕ ಇಬ್ಬರಿಗೂ ತಪ್ಪಿಹೋಗಿತ್ತು. ದಶಾಂಗುಲೀ ನ್ಯಾಯದ ಬಗ್ಗೆ ಶಾಸ್ತ್ರಕಾರರು ಮೌನವಾಗಿದ್ದಾರೆ.

ತೃತೀಯ ಅಧಿಕರಣ: ಸರಣಿಗಳ ಪ್ರಭೇದ

ಸರಣಿಗಳು ಹನ್ನೆರಡು ವಿಧ. ಒಂದು, ಮೂಷಕ ಪ್ರಭೇದ. ಇದರ ಶ್ರೇಷ್ಠ ನಿದರ್ಶನ ಇಟಲಿಯ ಎಲಿಸಬೆಟ್ಟಾ ದಾಮಿ ಹುಟ್ಟಿಸಿದ ಜೆರಾನಿಮೊ ಸ್ಟಿಲ್ಟನ್, ಪತ್ರಿಕೆಯ ಸಂಪಾದಕನಾದ ಒಂದು ಇಲಿ. ಅವನಿಗೆ ಹೆದರಿಕೆಯಾದರೆ ಮುದ್ರಿತ ಅಕ್ಷರಗಳೇ ನಡುಗುತ್ತವೆ, ಚೀಸ್ ಕಂಡರೆ ಬಣ್ಣ ತಿರುಗುತ್ತವೆ. ಇದು ಸಾಹಿತ್ಯವೇ ಎಂದು ಪೋಷಕರು ಕೇಳುತ್ತಾರೆ. ಮಕ್ಕಳು ಮುಂದಿನ ಭಾಗ ಕೇಳುತ್ತಾರೆ. ಎರಡು, ಕಾಲಯಾನ ಪ್ರಭೇದ. 1992ರಲ್ಲಿ ಮೇರಿ ಪೋಪ್ ಆಸ್ಬೋರ್ನ್ ಶುರುಮಾಡಿದ 'ಮ್ಯಾಜಿಕ್ ಟ್ರೀ ಹೌಸ್'ನಲ್ಲಿ ಅಣ್ಣ ತಂಗಿ ಮರದ ಮೇಲಿನ ಗುಡಿಸಲು ಹತ್ತಿ ಮೊದಲ ಪುಸ್ತಕದಲ್ಲೇ ಡೈನೋಸಾರ್ ಕಾಲಕ್ಕೆ ಹೋಗುತ್ತಾರೆ. 'ಇನ್ಫರ್ಮೇಟಿವ್' ಆದ್ದರಿಂದ ಪೋಷಕರ ಆಕ್ಷೇಪವಿಲ್ಲ. ಮೂರು, ರಂಧ್ರ ಪ್ರಭೇದ. ನಮ್ಮ ದೇಶದ ಡಕ್‌ಬಿಲ್ ಪ್ರಕಾಶನದ 'ಹೋಲ್ ಬುಕ್ಸ್'. ಪುಸ್ತಕದಲ್ಲೇ ನಿಜವಾದ ಒಂದು ತೂತು. ಮಗು ಮೊದಲು ಅದರೊಳಗೆ ಬೆರಳು ಹಾಕುತ್ತದೆ, ಆಮೇಲೆ ಓದುತ್ತದೆ. ಇಡೀ ಪ್ರಕಾಶನ ಲೋಕದಲ್ಲಿ ಮಗುವಿನ ಬೆರಳಿಗೆ ಸರಿಯಾದ ಕೆಲಸ ಕೊಟ್ಟವರು ಇವರೊಬ್ಬರೇ.

ನಾಲ್ಕು, ಕೌಪೀನ ಪ್ರಭೇದ. 1997ರಿಂದ ಬಂದ ಡೇವ್ ಪಿಲ್ಕಿಯ 'ಕ್ಯಾಪ್ಟನ್ ಅಂಡರ್‌ಪ್ಯಾಂಟ್ಸ್'. ಚಡ್ಡಿ ಹಾಕಿ, ಕಿಟಕಿಯ ಪರದೆಯನ್ನು ಬೆನ್ನಿಗೆ ಕಟ್ಟಿಕೊಂಡು ಓಡಾಡುವ ಹೆಡ್‌ಮಾಸ್ಟರು. ಅಮೆರಿಕದ ಗ್ರಂಥಾಲಯ ಸಂಘವು ಪ್ರಕಟಿಸುವ, ಅತಿ ಹೆಚ್ಚು ಆಕ್ಷೇಪ ಬಂದ ಪುಸ್ತಕಗಳ ಪಟ್ಟಿಯಲ್ಲಿ 2012 ಮತ್ತು 2013ರಲ್ಲಿ ಮೊದಲ ಸ್ಥಾನ ಇದಕ್ಕೇ. ಪಿಲ್ಕಿಗೆ ಡಿಸ್ಲೆಕ್ಸಿಯಾ ಇತ್ತು, ಒಂದು ಕಡೆ ಕೂರಲಾಗುತ್ತಿರಲಿಲ್ಲ. ಟೀಚರು ಅವನನ್ನು ಕ್ಲಾಸಿನಿಂದ ಹೊರಗೆ, ವರಾಂಡದ ಡೆಸ್ಕಿಗೆ ಕಳಿಸುತ್ತಿದ್ದರು. ಆ ಡೆಸ್ಕಿನಲ್ಲಿ ಕೂತು ಆ ಹುಡುಗ ಬರೆದ ಚಿತ್ರಗಳಿಂದಲೇ ಈ ಚಡ್ಡಿ ವೀರ ಎದ್ದುಬಂದದ್ದು. ಕ್ಲಾಸಿನಲ್ಲಿ ಕೂರಲಾರದವನೆಂದು ಹೊರಗೆ ಹಾಕಿದ ಹುಡುಗ ಬರೆದದ್ದನ್ನು, ಓದಲು ಒಲ್ಲದ ಮಕ್ಕಳು ಹುಡುಕಿಕೊಂಡು ಬಂದು ಓದುತ್ತಾರೆ.

ಐದನೆಯದು, ಆರನೆಯದು... ಇರಲಿ ಬಿಡಿ. ಹನ್ನೆರಡು ಎಂದದ್ದು ಗ್ರಂಥಕ್ಕೆ ತೂಕ ಬರಲಿ ಎಂದು.

ನಿಜವಾಗಿ ಹೇಳಬೇಕಾದದ್ದು ಬೇರೆಯೇ ಇದೆ. ಆ ಕಾರ್ಯಾಗಾರ ಮುಗಿದ ಮೇಲೆ ಶಾಲೆಯ ಲೈಬ್ರರಿ ತೋರಿಸಿದರು. ಎಲ್ಲ ಪುಸ್ತಕದ ಬೆನ್ನಿಗೂ ಬಣ್ಣದ ಚುಕ್ಕೆ: ಹಳದಿ, ಹಸಿರು, ನೀಲಿ. ಮಕ್ಕಳ ಐಡಿ ಕಾರ್ಡಿಗೂ ಅದೇ ಚುಕ್ಕೆ. ಹಳದಿ ಚುಕ್ಕೆಯ ಒಬ್ಬಳು ಹುಡುಗಿ ಹಸಿರು ಚುಕ್ಕೆಯ ಪುಸ್ತಕವೊಂದನ್ನು ಎಳೆದು, ರಟ್ಟಿನ ಮೇಲಿದ್ದ ಆನೆಯನ್ನು ನೋಡುತ್ತಿದ್ದಳು. "ಅದು ನಿನ್ನ ಲೆವೆಲ್ ಅಲ್ಲಮ್ಮ," ಎಂದರು ಮೇಡಂ, ಗದರದೆ, ತುಂಬ ಮೆತ್ತಗೆ. ಹುಡುಗಿ ಪುಸ್ತಕವನ್ನು ವಾಪಸಿಟ್ಟು, ತನ್ನ ಕಾರ್ಡನ್ನು ತಿರುಗಿಸಿ ಚುಕ್ಕೆ ಎದೆಯ ಕಡೆಗೆ ಬರುವಂತೆ ಮಾಡಿಕೊಂಡಳು. ಏಳು ವರ್ಷದ ಹುಡುಗಿಗೆ ನಾವು ಕಲಿಸಿದ್ದು ಇದು! ಎ ಯಿಂದ ಝಡ್‌ವರೆಗೆ ಪುಸ್ತಕದ ಮಟ್ಟ ಗುರುತಿಸುವ ಪದ್ಧತಿಯನ್ನು ಕಟ್ಟಿದ ಐರೀನ್ ಫೌಂಟಸ್ ಮತ್ತು ಗೇ ಸು ಪಿನೆಲ್ ಅವರೇ ಹೇಳಿದ್ದಾರೆ, ಇದು ಟೀಚರ ಕೈಯ ಸಲಕರಣೆ, ಮಗುವಿಗೆ ಅಂಟಿಸುವ ಚೀಟಿಯಲ್ಲ ಎಂದು. ಪದ್ಧತಿಯನ್ನು ದುಡ್ಡು ಕೊಟ್ಟು ತರಿಸಿದವರು ಈ ಮಾತನ್ನು ಯಾಕೆ ತರಿಸಲಿಲ್ಲ?

ಕನ್ನಡದ ಕಡೆಗೆ ತಿರುಗಿದರೆ ಕೋಪಕ್ಕೂ ದಾರಿಯಿಲ್ಲ. ಚುಕ್ಕೆ ಅಂಟಿಸಲು ಪುಸ್ತಕ ಬೇಕಲ್ಲ. ಕಾಳಿಲ್ಲದ ಮನೆಯಲ್ಲಿ ಜರಡಿಯ ತೂತು ಎಷ್ಟಿರಬೇಕೆಂದು ಚರ್ಚೆ ನಡೆದಿದೆ. ಎಂಟು ವರ್ಷದ ಮಗುವಿಗೆ ಕನ್ನಡ ಪುಸ್ತಕ ಕೊಡಿ ಎಂದು ಅಂಗಡಿಯಲ್ಲಿ ಕೇಳಿ ನೋಡಿ. ತೆನಾಲಿ ರಾಮ ಬರುತ್ತಾನೆ, ಪಂಚತಂತ್ರ ಬರುತ್ತದೆ, ಅಕ್ಬರ್-ಬೀರಬಲ್ ಬರುತ್ತಾರೆ, ಕೊನೆಗೆ ಒಂದು ಕಾಪಿ ಪುಸ್ತಕ. ತೆನಾಲಿ ರಾಮನ ಮೇಲೆ ಪ್ರಬಂಧಕಾರನಿಗೆ ಸಿಟ್ಟಿಲ್ಲ. ಆದರೆ ಅಲ್ಲಿ ಯಾರಿಗೂ ಹಲ್ಲು ಬಿದ್ದಿಲ್ಲ, ಯಾರೂ ಸ್ಕೂಲ್ ವ್ಯಾನ್ ತಪ್ಪಿಸಿಕೊಂಡಿಲ್ಲ, ಯಾರ ಮನೆಯಲ್ಲೂ ಅಜ್ಜಿಯ ಕನ್ನಡಕ ಕಳೆದಿಲ್ಲ.

ನಮ್ಮವರಿಗೆ ಬರೆಯಲು ಬರುವುದಿಲ್ಲವೇ? ಶಿವರಾಮ ಕಾರಂತರು 1936ರಲ್ಲೇ ಮಕ್ಕಳಿಗಾಗಿ ಮೂರು ಸಂಪುಟದ 'ಬಾಲ ಪ್ರಪಂಚ'ವನ್ನು ಕಟ್ಟಿದರು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ರಾಷ್ಟ್ರೋತ್ಥಾನದ 'ಭಾರತ ಭಾರತಿ' ಮಾಲೆಯಲ್ಲಿ 510 ಪುಟ್ಟ ಪುಸ್ತಕಗಳು ಬಂದವು. ಒಂದು ತಲೆಮಾರು ಅವನ್ನು ಒಂದೇ ಕೂರಿಗೆ ಓದಿ ಮುಗಿಸಿ ಇನ್ನೊಂದಕ್ಕೆ ಕೈಚಾಚಿದೆ. ಆದರೆ 510ರಲ್ಲೂ ಮಹಾನುಭಾವರೇ. ಒಬ್ಬನಾದರೂ ದಡ್ಡ, ಒಬ್ಬಳಾದರೂ ಸೋಂಬೇರಿ ನಾಯಕಿ ಸಿಕ್ಕಿದ್ದರೆ! ಅನುಪಮಾ ನಿರಂಜನರ 'ದಿನಕ್ಕೊಂದು ಕಥೆ' ತಿಂಗಳಿಗೊಂದರಂತೆ ಹನ್ನೆರಡು ಸಂಪುಟ. ಯಾವ ಕಥೆ ಯಾರ ಮಟ್ಟದ್ದು ಎಂದು ಅಲ್ಲಿ ಕೇಳುವವರೇ ಇರಲಿಲ್ಲ, ಕ್ಯಾಲೆಂಡರೇ ಗುರು. ಇವತ್ತಿನ ಕಥೆ ಮುಗಿಸಿ, ನಾಳೆಯದನ್ನು ಕದ್ದು ಓದುವುದೇ ಆ ಸರಣಿಯ ರುಚಿ.

ಇನ್ನೂ ಒಂದು ಹೇಳಬೇಕು. 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಮೊದಲಾದ ನಲಿ-ಕಲಿ ಎಂಬ ಕಲಿಕಾ ಪದ್ಧತಿಯಲ್ಲಿ ಪ್ರತಿ ಮಗುವೂ ತನ್ನದೇ ವೇಗದಲ್ಲಿ ಏಣಿ ಹತ್ತುತ್ತದೆ. ನಮ್ಮ ಸರ್ಕಾರಿ ಶಾಲೆಯ ಮಕ್ಕಳು ಅ ಆ ಇ ಈ ಎಂದು ಶುರುಮಾಡುವುದಿಲ್ಲ, ರ ಗ ಸ ದ ಅ ಎಂದು ಶುರುಮಾಡುತ್ತಾರೆ. ಐದೇ ಅಕ್ಷರ ಬಂದರೆ ಸಾಕು, ಸರ, ಅರಸ, ಅಗಸ, ಗರಗಸ ಎಲ್ಲ ಓದಬಹುದು. ಇದು ಸ್ಯೂಸ್‌ನ 236ಕ್ಕೆ ಏನೂ ಕಮ್ಮಿಯಿಲ್ಲದ ಬುದ್ಧಿವಂತಿಕೆ. ಆದರೆ ಆ ಅರಸ ಗರಗಸ ಹಿಡಿದು ಎಲ್ಲಿಗೆ ಹೋದ? ಅಗಸ ಏನೆಂದ? ಆ ಕಥೆಯನ್ನು ಹತ್ತು ಪುಸ್ತಕಕ್ಕೆ ಬೆಳೆಸುವ ಒಬ್ಬ ಲೇಖಕ ನಮಗೆ ಸಿಗಲಿಲ್ಲ. ಪ್ರಥಮ್ ಬುಕ್ಸ್‌ನವರು 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ನಾಲ್ಕು ಹಂತದ ಕನ್ನಡ ಕಥೆಗಳು ಪುಕ್ಕಟೆ ಸಿಗುತ್ತವೆ. ಅದು ದೊಡ್ಡ ಉಪಕಾರ. ಆದರೆ ಹೆಚ್ಚಿನವು ಬಿಡಿ ಕಥೆಗಳು, ಅದೂ ಅಪ್ಪನ ಫೋನಿನ ಪರದೆಯಲ್ಲಿ. ಮಗುವಿಗೆ ದಿಂಬಿನ ಕೆಳಗಿಟ್ಟುಕೊಳ್ಳುವ ಪುಸ್ತಕ ಬೇಕು. ಅದರಲ್ಲಿ ಪರಿಚಯದ ಮುಖಗಳಿರಬೇಕು. ಹೊಸ ಊರು, ಹೊಸ ಹೆಸರು, ಹೊಸ ಒತ್ತಕ್ಷರ ಎಲ್ಲ ಒಟ್ಟಿಗೆ ಬಂದರೆ ಮಗು ಸೋಲುತ್ತದೆ. ಊರು, ಹೆಸರು ಹಳೆಯದಾಗಿದ್ದರೆ ಒತ್ತಕ್ಷರ ಒಂದನ್ನೇ ಗೆದ್ದರೆ ಸಾಕು. ಸರಣಿಯ ಗುಟ್ಟು ಇಷ್ಟೇ. ಇದಕ್ಕೆ ಪಿರಮಿಡ್ಡು ಬೇಕಿರಲಿಲ್ಲ.

ಆದ್ದರಿಂದ ಲೇಖಕರಲ್ಲಿ, ಪ್ರಕಾಶಕರಲ್ಲಿ ಒಂದು ಬಿನ್ನಹ. ಒಂದು ಹುಡುಗಿಯನ್ನು ಹುಟ್ಟಿಸಿ. ದಾವಣಗೆರೆಯವಳಾಗಲಿ, ಸಿರಸಿಯವಳಾಗಲಿ, ರಾಯಚೂರಿನವಳಾಗಲಿ, ಅಲ್ಲಿಯ ಮಾತನ್ನೇ ಆಡಲಿ. ಅಕ್ಷರ ದಪ್ಪ ಇರಲಿ, ಸಾಲುಗಳ ನಡುವೆ ಒತ್ತಕ್ಷರ ಇಳಿಬಿಡುವಷ್ಟು ಜಾಗ ಇರಲಿ. ಕೊನೆಯಲ್ಲಿ ನೀತಿ ಬೇಡ. ಬೆಲೆ ಒಂದು ಮಸಾಲೆದೋಸೆಯದ್ದನ್ನು ಮೀರದಿರಲಿ. ಮುಖ್ಯವಾಗಿ, ಎರಡನೆಯ ಪುಸ್ತಕವನ್ನು ಬರೆದು ಮುಗಿಸದೆ ಮೊದಲನೆಯದನ್ನು ಅಚ್ಚಿಗೆ ಕೊಡಬೇಡಿ, ಯಾಕೆಂದರೆ ನಮ್ಮ ಪುಟ್ಟಿ ಮಾರನೇ ದಿನವೇ ಬಂದು ಕೇಳುತ್ತಾಳೆ.