ರಿಸರ್ವ್ ಮೀಮಾಂಸೆ: ಕೊಡಗಿನ ಕೊನೆಯ ಲೀಟರ್ ಕುರಿತು ಒಂದು ಶಾಸ್ತ್ರೀಯ ವಿಚಾರ

ಕೊಡಗಿನ ಬಗ್ಗೆ ಬರೆದ ದೊಡ್ಡವರೆಲ್ಲ ಒಂದು ಮುಖ್ಯ ವಿಷಯವನ್ನು ಬಿಟ್ಟೇ ಬರೆದಿದ್ದಾರೆ. ರೆವರೆಂಡ್ ರಿಕ್ಟರ್ 1870ರಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿನಲ್ಲಿ ಅಚ್ಚು ಹಾಕಿಸಿದ ಕೊಡಗಿನ ಕೈಪಿಡಿಯಲ್ಲಿ ನಾಡಿದೆ, ಜನರಿದ್ದಾರೆ, ಆಚಾರವಿದೆ. ಮಡಿಕೇರಿಯಿಂದ ಹೊರಟ ಬೈಕು ಮದೆನಾಡಿನ ತಿರುವಿನಲ್ಲಿ ಎರಡು ಸಲ ಕೆಮ್ಮಿ ನಿಂತರೆ ಏನು ಮಾಡಬೇಕೆಂಬುದು ಮಾತ್ರ ಇಲ್ಲ. ಜರ್ಮನಿಯಲ್ಲಿ ಡೈಮ್ಲರ್ ಮೊದಲ ಮೋಟಾರ್ ಸೈಕಲ್ ಕಟ್ಟಿದ್ದೇ 1885ರಲ್ಲಾದ್ದರಿಂದ ರಿಕ್ಟರರನ್ನು ಕ್ಷಮಿಸಬಹುದು. ಅವರ ನಂತರ ಬಂದ ವಿದ್ವಾಂಸರನ್ನು ಕ್ಷಮಿಸಲು ಈ ಪ್ರಬಂಧಕಾರನಿಗೆ ಕಾರಣವೇ ಕಾಣುತ್ತಿಲ್ಲ.

ಪ್ರಬಂಧವೆಂದ ಮೇಲೆ ಲಕ್ಷಣ ಹೇಳಬೇಕು. ಕೊಡಗಿನಲ್ಲಿ ಟ್ಯಾಂಕು ಮೂರು ಸಲ ಖಾಲಿಯಾಗುತ್ತದೆ. ಮೊದಲನೆಯದು ವ್ಯಾವಹಾರಿಕ ಖಾಲಿ: ಗಾಡಿ ಜಗ್ಗುತ್ತದೆ, ಸವಾರ ರಸ್ತೆಯಿಂದ ಕಣ್ಣು ತೆಗೆಯದೆ ಎಡಗೈ ಇಳಿಸಿ ಪೆಟ್ರೋಲ್ ನಾಬನ್ನು ರಿಸರ್ವ್‌ಗೆ ತಿರುಗಿಸುತ್ತಾನೆ, ಗಾಡಿ ಮತ್ತೆ ಎಳೆಯುತ್ತದೆ. ಎರಡನೆಯದು ಪ್ರಾತಿಭಾಸಿಕ: ರಿಸರ್ವೂ ಮುಗಿಯಿತೆಂದು ತೋರುತ್ತದೆ, ಗಾಡಿ ಮಲಗಿಸಿ ಎತ್ತಿದರೆ ಅದು ಬರೀ ತೋರಿಕೆಯೆಂದು ಗೊತ್ತಾಗುತ್ತದೆ. ಮೂರನೆಯದು ಪಾರಮಾರ್ಥಿಕ. ಆಗ ತಳ್ಳಬೇಕು.

ರಿಸರ್ವ್ ಎಂದರೆ ಸೀಟಿನ ಕೆಳಗೆಲ್ಲೋ ಇರುವ ಇನ್ನೊಂದು ಪುಟ್ಟ ಟ್ಯಾಂಕು ಎಂದು ನಂಬಿದವರು ಇವತ್ತಿಗೂ ಇದ್ದಾರೆ. ಇವರನ್ನು ದ್ವೈತಿಗಳೆನ್ನೋಣ. ಮೆಕ್ಯಾನಿಕ್‌ಗಳು ಮಾತ್ರ ಕಟ್ಟಾ ಅದ್ವೈತಿಗಳು: ಇರುವುದೊಂದೇ ಟ್ಯಾಂಕು. ಪೆಟ್ರೋಲ್ ಕಾಕ್‌ನಿಂದ ಟ್ಯಾಂಕಿನೊಳಕ್ಕೆ ಬೆರಳುದ್ದದ ಕೊಳವೆಯೊಂದು ನೆಟ್ಟಗೆ ನಿಂತಿರುತ್ತದೆ. ನಾಬ್ ಆನ್‌ನಲ್ಲಿದ್ದಾಗ ಪೆಟ್ರೋಲ್ ಆ ಕೊಳವೆಯ ತುದಿಯಿಂದ ಇಳಿಯುತ್ತದೆ. ಮಟ್ಟ ತುದಿಗಿಂತ ಕೆಳಗಾದ ಕ್ಷಣ ನಿಲ್ಲುತ್ತದೆ. ರಿಸರ್ವ್‌ಗೆ ತಿರುಗಿಸಿದರೆ ಬುಡದ ತೂತು ತೆರೆದುಕೊಳ್ಳುತ್ತದೆ, ಅಷ್ಟೇ. ಅಲ್ಲಿಂದ ಮುಂದೆ ಸಾಮಾನ್ಯವಾಗಿ ಒಂದು, ಒಂದೂವರೆ ಲೀಟರಿನ ಆಯುಷ್ಯ. ಬಂಕಿನಲ್ಲಿ ತುಂಬಿಸಿದ ಮೇಲೆ ನಾಬನ್ನು ಪುನಃ ಆನ್‌ಗೆ ತಿರುಗಿಸಲು ಮರೆತವನಿಗೆ ಈ ಮಾಯೆಯೂ ದಕ್ಕುವುದಿಲ್ಲ. ಮುಂದಿನ ಸಲ ಗಾಡಿ ನಿಂತಾಗ ತಿರುಗಿಸಲು ಏನೂ ಉಳಿದಿರುವುದಿಲ್ಲ. ಅವನು ನೇರ ಪರಮಾರ್ಥಕ್ಕೆ ಹೋಗುತ್ತಾನೆ.

ಎಷ್ಟು ಉಳಿದಿದೆಯೆಂದು ತಿಳಿಯುವ ಪ್ರಮಾಣಗಳು ಯಾವುವು? ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾವನ್ನೂ 1973ರಿಂದ ಯೆಜ್ಡಿಯನ್ನೂ ಮಾಡಿ 1996ರಲ್ಲಿ ಬಾಗಿಲು ಹಾಕಿತು. ಕಿಕ್ಕರೂ ಗೇರ್ ಲಿವರೂ ಒಂದೇ ಆಗಿದ್ದ ಆ ಗಾಡಿಯಲ್ಲಿ ಪೆಟ್ರೋಲ್ ಮುಳ್ಳು ಎಂಬುದಿರಲಿಲ್ಲ. ಆದ್ದರಿಂದ ಹಿರಿಯರು ತರ್ಕಶಾಸ್ತ್ರವನ್ನೇ ಅವಲಂಬಿಸಿದರು. ಮುಚ್ಚಳ ತೆಗೆದು ಟಾರ್ಚ್ ಬಿಟ್ಟು ನೋಡುವುದು ಪ್ರತ್ಯಕ್ಷ. (ಬೆಂಕಿಕಡ್ಡಿ ಗೀರಿ ನೋಡುವುದೂ ಪ್ರತ್ಯಕ್ಷವೇ, ಆದರೆ ನೋಡಿದ್ದನ್ನು ಹೇಳಲು ಆಮೇಲೆ ಜನ ಇರುವುದಿಲ್ಲ.) ಕಳೆದ ಸಲ ನೂರು ರೂಪಾಯಿಗೆ ಹಾಕಿಸಿದ್ದು, ವಿರಾಜಪೇಟೆಗೆ ಹೋಗಿ ಬಂದದ್ದು, ಹಾಗಾದರೆ ಇನ್ನೂ ಇರಬೇಕು ಎನ್ನುವುದು ಅನುಮಾನ. ಸೀಟಿನ ಮೇಲೆ ಕೂತು ಸೊಂಟದಿಂದ ಗಾಡಿ ಅಲ್ಲಾಡಿಸಿ, ತಲೆ ಬಗ್ಗಿಸಿ, ಒಳಗಿನ ಗುಳಗುಳ ಆಲಿಸುವುದು ಶಬ್ದ ಪ್ರಮಾಣ. ಕೊಡಗಿನಲ್ಲಿ ಇದಕ್ಕೇ ಹೆಚ್ಚು ಮರ್ಯಾದೆ. ಬಸ್‌ಸ್ಟ್ಯಾಂಡಿನೆದುರು ಗಾಡಿ ಮೇಲೆ ಕೂತು ಕಣ್ಣು ಮುಚ್ಚಿ ತೂಗುತ್ತಿರುವವನನ್ನು ಯಾರೂ ಮಾತಾಡಿಸುವುದಿಲ್ಲ. ಅವನು ಪರೀಕ್ಷೆಯಲ್ಲಿದ್ದಾನೆ.

ಮುಳ್ಳು ಬಂದ ಮೇಲೆ ಜ್ಞಾನ ಹೆಚ್ಚಿತೆಂದು ಬಯಲುಸೀಮೆಯವರು ತಿಳಿಯಬಹುದು. ಒಳಗೆ ತೇಲುವ ಬೆಂಡೊಂದು ಏರಿಳಿದು ಮುಳ್ಳನ್ನು ಆಡಿಸುತ್ತದೆ. ಘಟ್ಟ ಹತ್ತುವಾಗ ಪೆಟ್ರೋಲ್ ಹಿಂದಕ್ಕೆ ಸರಿಯುತ್ತದೆ, ಇಳಿಯುವಾಗ ಮುಂದಕ್ಕೆ. ಬೆಂಡಿಗೆ ಸಿಗುವ ಸತ್ಯ ದಿಕ್ಕಿಗೊಂದು. ಆದುದರಿಂದ ಒಂದೇ ಗಾಡಿ, ಒಂದೇ ಪೆಟ್ರೋಲು, ಸುಂಟಿಕೊಪ್ಪ ಕಡೆಯಿಂದ ಹತ್ತುವವನಿಗೆ ಒಂದು ಲೆಕ್ಕ, ಸಂಪಾಜೆಗೆ ಇಳಿಯುವವನಿಗೆ ಇನ್ನೊಂದು. ಇಬ್ಬರೂ ಸುಳ್ಳು ಹೇಳುತ್ತಿಲ್ಲ.

ಈಗ ಮುಖ್ಯ ಪ್ರಶ್ನೆ: ಟ್ಯಾಂಕು ಖಾಲಿಯಾಗುವುದೇಕೆ? ಓಡಿಸಿದರೆ ಖಾಲಿಯಾಗುತ್ತದೆ ಎಂಬುದು ಪೂರ್ವಪಕ್ಷ. ತಿರಸ್ಕರಿಸೋಣ. ಓಡಿಸಿದವನು ತುಂಬಿಸಲೂಬಹುದಲ್ಲ; ಏಕೆ ತುಂಬಿಸುವುದಿಲ್ಲ? ಮರೆವು ಎನ್ನುತ್ತಾರೆ ಕೆಲವರು. ಕಾಳುಮೆಣಸಿನ ಹೋದ ತಿಂಗಳ ರೇಟನ್ನು ಪೈಸೆ ಸಮೇತ ಹೇಳುವವನಿಗೆ ಮರೆವೇ? ಜಿಪುಣತನವೂ ಅಲ್ಲ, ಅದೇ ಮನುಷ್ಯ ಮನೆಗೆ ಬಂದವರನ್ನು ಊಟ ಮಾಡಿಸದೆ ಬಿಡುವುದಿಲ್ಲ.

ಸಿದ್ಧಾಂತ ಹೀಗಿದೆ. ಕೊಡಗಿನ ಮನೆಯ ಅಂಗಳದಲ್ಲಿ ನಿಂತ ಬೈಕು ಯಾರೊಬ್ಬರದೂ ಅಲ್ಲ. ಆರ್.ಸಿ. ಪುಸ್ತಕದಲ್ಲಿ ಒಬ್ಬನ ಹೆಸರಿರುತ್ತದೆ, ಕೀ ಗೋಡೆಯ ಮೊಳೆಯಲ್ಲಿರುತ್ತದೆ. ಅಣ್ಣ ಬ್ಯಾಂಕಿಗೆ, ತಮ್ಮ ಹಾಕಿ ಆಡಲಿಕ್ಕೆ, ಭಾವ ಎಲ್ಲಿಗೆಂದು ಹೇಳದೆ, ಪಕ್ಕದ ತೋಟದ ಹುಡುಗ "ಈಗ ಬಂದೆ ಅಣ್ಣ" ಎಂದು. ಮಧ್ಯಾಹ್ನ ಫುಲ್ ಟ್ಯಾಂಕ್ ಮಾಡಿಸಿ ತಂದು ನಿಲ್ಲಿಸಿದರೆ ಸಂಜೆಗೆ ಭಾವನಿಗೆ ಗೋಣಿಕೊಪ್ಪದಲ್ಲಿ ಜರೂರು ಕೆಲಸ ನೆನಪಾಗುತ್ತದೆ. ತುಂಬಿಸಿದವನು ಒಬ್ಬ, ಸುಟ್ಟವನು ಮತ್ತೊಬ್ಬ. ಈ ಅನ್ಯಾಯವನ್ನು ಮಾತಾಡಿ ಬಗೆಹರಿಸುವಂತಿಲ್ಲ. ಭಾವನ ಹತ್ತಿರ ಪೆಟ್ರೋಲಿನ ಲೆಕ್ಕ ಕೇಳಿದ ಮನೆ ಕೊಡಗಿನಲ್ಲಿ ಇದೆಯೆಂದು ತೋರುವುದಿಲ್ಲ. ಹಾಗಾಗಿ ಪ್ರತಿಯೊಬ್ಬನೂ ತನ್ನ ಪ್ರಯಾಣಕ್ಕೆ ಬೇಕಾದಷ್ಟೇ ಹಾಕಿಸಿ, ಅದಕ್ಕಿಂತ ಚೂರು ಹೆಚ್ಚೇ ಓಡಿಸಿ, ಗಾಡಿಯನ್ನು ಬತ್ತಿದ ಸ್ಥಿತಿಯಲ್ಲಿ ಹಸ್ತಾಂತರಿಸುತ್ತಾನೆ. ಖಾಲಿ ಟ್ಯಾಂಕು ಕುಟುಂಬದ ಶಾಂತಿ ಒಪ್ಪಂದ. ಕೆಲವು ಜಾಣರು ಕಾಕ್ ಆಫ್ ಮಾಡಿಟ್ಟು ಹೋಗುತ್ತಾರೆ: ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲಿನಲ್ಲಿ ಗಾಡಿ ಗೇಟು ದಾಟುತ್ತದೆ, ಮುಂದಿನ ತಿರುವಿನಲ್ಲಿ ನಿಲ್ಲುತ್ತದೆ, ಭಾವ ನಡೆದು ವಾಪಸ್ ಬರುತ್ತಾನೆ. ಸೆಪ್ಟೆಂಬರಿನ ಕೈಲ್ ಪೊಳ್ದ್ ದಿನ ಕೋವಿ, ಕತ್ತಿಗಳ ಜೊತೆ ಬೈಕಿಗೂ ಪೂಜೆಯಾಗುತ್ತದೆ, ಹ್ಯಾಂಡಲಿಗೆ ಹೂವು ಏರುತ್ತದೆ. ಆ ದಿನವೂ ಒಳಗೆ ಇರುವುದು ರಿಸರ್ವೇ.

ಇನ್ನು ಕ್ರಿಯಾಭಾಗ. ಮಲಗಿಸುವ ವಿಧಿಯನ್ನು ಹತ್ತಿರದಿಂದ ನೋಡಬೇಕು. ಟ್ಯಾಂಕು ಫ್ರೇಮಿನ ಪೈಪಿನ ಮೇಲೆ ಕುದುರೆಯ ಜೀನಿನ ಹಾಗೆ ಎರಡೂ ಕಡೆ ಇಳಿಬಿದ್ದು ಕೂತಿರುತ್ತದೆ, ನಡುವೆ ದಿಬ್ಬ. ಹೆಚ್ಚಿನ ಗಾಡಿಗಳಲ್ಲಿ ಕಾಕ್ ಎಡಗಡೆ. ಮಟ್ಟ ದಿಬ್ಬಕ್ಕಿಂತ ಕೆಳಗಿಳಿದ ಮೇಲೆ ಬಲಗಡೆಯ ಪೆಟ್ರೋಲಿಗೆ ದಾಟಲು ದಾರಿಯಿಲ್ಲ. ಸವಾರ ಗಾಡಿಯನ್ನು ರಸ್ತೆಯಂಚಿಗೆ ತಂದು, ಹ್ಯಾಂಡಲ್ ಒಂದು ಕೈಯಲ್ಲಿ, ಹಿಂದಿನ ಹಿಡಿ ಇನ್ನೊಂದು ಕೈಯಲ್ಲಿ ಹಿಡಿದು, ತೊಡೆಯ ಆಸರೆ ಕೊಟ್ಟು ಎಡಕ್ಕೆ ವಾಲಿಸುತ್ತಾನೆ. ಫುಟ್‌ರೆಸ್ಟ್ ನೆಲಕ್ಕೆ ತಾಗುತ್ತದೆ. ಒಳಗಿನಿಂದ 'ಗುಳುಕ್' ಎಂದು ಒಂದು ಸದ್ದು. ಅವನ ಮುಖದಲ್ಲಿ ಆಗ ಮೂಡುವ ಕಳೆಯನ್ನು ಹುತ್ತರಿಯ ರಾತ್ರಿ ಕದಿರು ತಂದವರ ಮುಖದಲ್ಲೂ ಕಾಣಬಹುದು. ಬಲಕ್ಕೆ ಮಲಗಿಸಿದರೆ ಇದ್ದದ್ದೂ ಆಚೆಗೆ ಹೋಗುತ್ತದೆ; ಶಾಸ್ತ್ರ ಓದದವರು ಮಾಡುವ ತಪ್ಪು ಇದು.

ಈ ವಿಧಿಗೆ ಪುರಾಣದ ಆಧಾರವೂ ಉಂಟೆಂದು ಒಂದು ವಾದ. ಅಗಸ್ತ್ಯರ ಕಮಂಡಲುವಿನಲ್ಲಿ ಸುಮ್ಮನಿದ್ದ ಕಾವೇರಿ ಹರಿದದ್ದು ಕಾಗೆ ರೂಪದ ಗಣಪತಿ ಅದನ್ನು ವಾಲಿಸಿದ ಮೇಲಲ್ಲವೇ ಎಂದು ಕೇಳುತ್ತಾರೆ. ಪ್ರತಿವಾದಿಗಳು ಒಪ್ಪುವುದಿಲ್ಲ: ಕಾವೇರಿ ಇವತ್ತಿಗೂ ಹರಿಯುತ್ತಿದ್ದಾಳೆ, ಮಲಗಿಸಿ ಎತ್ತಿದ ಗಾಡಿ ಮುಂದಿನ ಬಸ್‌ಸ್ಟಾಪ್ ಮುಟ್ಟಿದರೆ ಹೆಚ್ಚು.

ಮಳೆಯ ವಿಚಾರ ಚಿಕ್ಕದಾಗಿ ಮುಗಿಸುತ್ತೇನೆ, ಕೊಡಗಿನಲ್ಲಿ ಮಳೆ ಚಿಕ್ಕದಾಗಿ ಮುಗಿಯದಿದ್ದರೂ. ಮುಚ್ಚಳದ ರಬ್ಬರ್ ಸವೆದರೆ ನೀರು ಒಳಗಿಳಿಯುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳ ಸೇರುತ್ತದೆ, ತುಕ್ಕೂ ಅಲ್ಲೇ. ಸದಾ ರಿಸರ್ವ್‌ನಲ್ಲೇ ಬದುಕುವವನ ಕಾರ್ಬುರೇಟರಿಗೆ ಮೊದಲು ಮಳೆ, ಆಮೇಲೆ ತುಕ್ಕು, ಕೊನೆಗೆ ಪೆಟ್ರೋಲ್.

ಪಂಥಗಳು ಎರಡು. ಸಂಪಾಜೆ ಪಂಥದವರು ಇಳಿಜಾರನ್ನೇ ಇಂಧನವೆಂದು ನಂಬುತ್ತಾರೆ. ಮಡಿಕೇರಿಯಲ್ಲಿ ಎಂಜಿನ್ ಆಫ್ ಮಾಡಿ, ನ್ಯೂಟ್ರಲ್‌ನಲ್ಲಿ ಮದೆನಾಡು, ಜೋಡುಪಾಲ, ದೇವರಕೊಲ್ಲಿ ಎಂದು ತೇಲಿಕೊಂಡು ಹೋಗುವುದು ಇವರ ಸಾಧನೆ. ಗೇರಿನಲ್ಲಿದ್ದರೆ ಎಂಜಿನ್ನೇ ಗಾಡಿಯನ್ನು ಹಿಡಿಯುತ್ತಿತ್ತು. ಈಗ ಇಡೀ ಘಟ್ಟದ ಭಾರ ಬ್ರೇಕಿನ ಮೇಲೆ. ಅದು ಬಿಸಿಯಾದಂತೆ ಹಿಡಿತ ಬಿಡುತ್ತದೆ. ಸಾಲದ್ದಕ್ಕೆ ಹಲವು ಹಳೆಯ ಗಾಡಿಗಳಲ್ಲಿ ಎಂಜಿನ್ ತಿರುಗಿದರೆ ಮಾತ್ರ ಹೆಡ್‌ಲೈಟ್. ಆದುದರಿಂದ ಈ ಪಂಥದವನು ಮಂಜಿನಲ್ಲಿ ಸದ್ದಿಲ್ಲದೆ, ಬೆಳಕಿಲ್ಲದೆ, ಬ್ರೇಕಿಲ್ಲದೆ ಬರುತ್ತಾನೆ. ಉಳಿಸಿದ್ದು ಒಂದು ಕಾಫಿಯ ದುಡ್ಡು. ಇವರಲ್ಲಿ ಹಿರಿಯ ಆಚಾರ್ಯರ ಸಂಖ್ಯೆ ಕಡಿಮೆ ಏಕೆಂಬುದಕ್ಕೆ ಬೇರೆ ಸಂಶೋಧನೆ ಬೇಡ.

ಆನೆಕಾಡು ಪಂಥದವರದು ಇದರ ವಿರುದ್ಧ ದಿಕ್ಕು. ಕುಶಾಲನಗರ ಬಿಟ್ಟು ಸುಂಟಿಕೊಪ್ಪದ ಕಡೆ ಬರುವಾಗ ಆನೆಕಾಡಿನಲ್ಲಿ ಗಾಡಿ ಕೆಮ್ಮಿದ ಅನುಭವ ಒಮ್ಮೆ ಆದವನು ಜೀವಮಾನವಿಡೀ ಫುಲ್ ಟ್ಯಾಂಕ್ ಮಾಡಿಸುತ್ತಾನೆ, ಭಾವ ಸುಟ್ಟರೆ ಸುಡಲಿ ಎಂದು. ತಿತಿಮತಿಯಿಂದ ಆನೆಚೌಕೂರು ಕಡೆಗಿನ ಕಾಡು, ಪೆರುಂಬಾಡಿ ದಾಟಿ ಮಾಕುಟ್ಟಕ್ಕೆ ಇಳಿಯುವ ಘಾಟಿ, ಭಾಗಮಂಡಲದಿಂದ ಕರಿಕೆಗೆ ಹೋಗುವ ದಾರಿ: ಈ ಮೂರೂ ಈ ಪಂಥಕ್ಕೆ ಮತಾಂತರ ಮಾಡಿಸುವ ಕ್ಷೇತ್ರಗಳು. ಅಲ್ಲಿ ಫೋನಿನ ಟವರ್ ಹುಡುಕುತ್ತಾ ಕೈ ಎತ್ತಿ ನಿಂತವನ ಹಿಂದೆ ಬಿದಿರು ಲಟಕ್ಕೆಂದರೆ ಸಾಕು, ದೀಕ್ಷೆ ಆಯಿತು.

ಪಾರಮಾರ್ಥಿಕ ಸ್ಥಿತಿ ತಲುಪಿದವನು ಮೊದಲು ಕಾಣುವ ತೋಟದ ಗೇಟಿಗೆ ಹೋಗುತ್ತಾನೆ. ನಾಯಿ ಬೊಗಳುತ್ತದೆ. ವರಾಂಡದಿಂದ ಧ್ವನಿ ಬರುತ್ತದೆ.

"ಯಾರದು?"

"ಪೆಟ್ರೋಲ್ ಮುಗೀತು ಅಂಕಲ್. ಒಂದರ್ಧ ಲೀಟರ್ ಇದ್ರೆ..."

"ಮನೆಪೆದ ಎಂತ?"

ಮನೆ ಹೆಸರು ಹೇಳದೆ ಕೊಡಗಿನಲ್ಲಿ ಅರ್ಧ ಲೀಟರ್ ಹುಟ್ಟುವುದಿಲ್ಲ. ಹೆಸರು ಹೇಳಿದ ಮೇಲೆ ತಾಯಿಯ ತವರು, ಅಲ್ಲಿಂದ ಅಜ್ಜಿಯ ತವರು, ಅಲ್ಲಿಂದ ಮಿಲಿಟರಿಯಲ್ಲಿದ್ದ ಒಬ್ಬ ದೊಡ್ಡಪ್ಪ. ವಂಶವೃಕ್ಷ ಎಲ್ಲಾದರೂ ಕೂಡಿತೆಂದರೆ ಕಾಫಿ ಬರುತ್ತದೆ. ಪೆಟ್ರೋಲ್ ಅದರ ನಂತರ. 1888ರಲ್ಲಿ ಬರ್ತಾ ಬೆಂಜ್ ಗಂಡನ ಕಾರು ತೆಗೆದುಕೊಂಡು ಇಬ್ಬರು ಮಕ್ಕಳೊಡನೆ ಮನ್‌ಹೈಮ್‌ನಿಂದ ತವರಿಗೆ ಹೊರಟಾಗ ದಾರಿಯಲ್ಲಿ ಇಂಧನ ಸಾಲದೆ ವೀಸ್ಲೋಕ್ ಎಂಬ ಊರಿನ ಔಷಧಿ ಅಂಗಡಿಯಲ್ಲಿ ಕೊಂಡರು. ಅದನ್ನು ಜಗತ್ತಿನ ಮೊದಲ ಪೆಟ್ರೋಲ್ ಬಂಕ್ ಎಂದು ಇಂದಿಗೂ ಕೊಂಡಾಡುತ್ತಾರೆ. ಔಷಧಿ ಅಂಗಡಿಯವನು ಆಕೆಯ ಅಜ್ಜಿಯ ತವರು ಕೇಳಿದನೆಂಬ ದಾಖಲೆಯಿಲ್ಲ. ಯುರೋಪ್ ನಮಗಿಂತ ಹಿಂದಿತ್ತು.

ತೋಟದ ಮನೆಯಲ್ಲಿ ಪೆಟ್ರೋಲ್ ಇರುವುದು ಕಾಡು ಹೊಡೆಯುವ ಮೆಷಿನ್ನಿಗಾಗಿ. ಅದು ಟೂ ಸ್ಟ್ರೋಕ್. ಕ್ಯಾನಿನಲ್ಲಿರುವ ಪೆಟ್ರೋಲಿಗೆ ಆಗಲೇ ಆಯಿಲ್ ಬೆರೆಸಿರುತ್ತದೆ. ಕೆಸುವಿನ ಎಲೆಯನ್ನು ಸುತ್ತಿ ಲಾಳಿಕೆ ಮಾಡಿ, ನೀಲಿ ಛಾಯೆಯ ಆ ದ್ರವವನ್ನು ಟ್ಯಾಂಕಿಗೆ ಸುರಿಯುತ್ತಾರೆ. ಯೆಜ್ಡಿಗೆ ಇದು ಅಮೃತ, ಅದು ಹುಟ್ಟಿನಿಂದ ಕುಡಿದದ್ದೇ ಇದನ್ನು. ಫೋರ್ ಸ್ಟ್ರೋಕ್ ಗಾಡಿಗೆ ಹಾಗಲ್ಲ. ಅದು ಓಡುತ್ತದೆ, ಆದರೆ ಹಿಂದೆ ಹೊಗೆ ಬಿಡುತ್ತಾ ಓಡುತ್ತದೆ. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ಊಹಿಸುವುದು ನ್ಯಾಯಶಾಸ್ತ್ರದ ಮೊದಲ ಪಾಠ. ಕೊಡಗಿನ ನೈಯಾಯಿಕರು, ಅಂದರೆ ಅಂಗಡಿ ಕಟ್ಟೆಯಲ್ಲಿ ಕೂತವರು, ಇದನ್ನು ತಿದ್ದಿದ್ದಾರೆ. ಬೆಟ್ಟದಲ್ಲಿ ಹೊಗೆ ಬಿಡುತ್ತಾ ಸ್ಪ್ಲೆಂಡರ್ ಬಂದರೆ, ಮೇಲೆಲ್ಲೋ ಒಂದು ತೋಟದಲ್ಲಿ ಯಾರೋ ಅರ್ಧ ಲೀಟರ್ ಕೊಟ್ಟಿದ್ದಾರೆ. ಯಾವ ತೋಟ, ಯಾರ ಮನೆ ಎಂಬುದೂ ಹೊಗೆಯ ದಪ್ಪದಿಂದಲೇ ತೀರ್ಮಾನವಾಗುತ್ತದೆ. ಆಯಿಲ್ ಬೆರೆಸುವ ಅಳತೆ ಮನೆಮನೆಗೂ ಬೇರೆ. ಸವಾರ ಮನೆ ತಲುಪುವ ಮೊದಲೇ ಸುದ್ದಿ ತಲುಪಿರುತ್ತದೆ.

ಈ ಶಾಸ್ತ್ರಕ್ಕೆ ಈಚೆಗೆ ಏಟಿನ ಮೇಲೆ ಏಟು. ಹಿಂದೆ ಪೆಟ್ರೋಲ್ ರೇಟು ತಿಂಗಳ 1ಕ್ಕೂ 16ಕ್ಕೂ ಬದಲಾಗುತ್ತಿತ್ತು. ಇಳಿಯುತ್ತದೆಂಬ ಸುದ್ದಿ ಬಂದರೆ ನಾಲ್ಕು ದಿನ ರಿಸರ್ವ್‌ನಲ್ಲೇ ತಪಸ್ಸು ಮಾಡಲು ಒಂದು ಅರ್ಥವಿತ್ತು. 2017ರ ಜೂನ್ 16ರಿಂದ ದಿನಾ ಬೆಳಿಗ್ಗೆ ರೇಟು ನಿಗದಿಯಾಗುವ ಪದ್ಧತಿ ಬಂದು ತಪಸ್ಸು ಕೆಟ್ಟಿತು. 2020ರ ಏಪ್ರಿಲ್ 1ರಂದು ಬಿಎಸ್-6 ಬಂದು ಹೆಚ್ಚಿನ ಹೊಸ ಗಾಡಿಗಳಿಂದ ಕಾರ್ಬುರೇಟರನ್ನೂ ಅದರ ಜೊತೆ ನಾಬನ್ನೂ ಕಿತ್ತುಕೊಂಡಿತು. ಈಗ ಪಂಪು ಟ್ಯಾಂಕಿನೊಳಗೆ ಪೆಟ್ರೋಲಿನಲ್ಲಿ ಮುಳುಗಿ ಕೂತು ಅದರಿಂದಲೇ ತಣ್ಣಗಾಗುತ್ತದೆ; ಬತ್ತಿಸಿ ಬತ್ತಿಸಿ ಓಡಿಸಿದರೆ ಪಂಪು ಹೋಗುತ್ತದೆ, ಅದರ ಬೆಲೆಯಲ್ಲಿ ಭಾವ ಇಡೀ ವರ್ಷ ಗೋಣಿಕೊಪ್ಪ ಸುತ್ತಬಹುದು. ಮಲಗಿಸೋಣವೆಂದರೆ, ವಾಲಿದ್ದು ಗೊತ್ತಾಗುತ್ತಲೇ ಎಂಜಿನ್ ನಿಲ್ಲಿಸುವ ಸೆನ್ಸರ್ ಅನೇಕ ಗಾಡಿಗಳಲ್ಲಿದೆ. ಸಂಪ್ರದಾಯವನ್ನು ಗಾಡಿಯೇ ಒಪ್ಪುವುದಿಲ್ಲ.

ಎಲೆಕ್ಟ್ರಿಕ್ ಸ್ಕೂಟರಿನ ಬಗ್ಗೆ ಅಧ್ಯಯನ ಈಗಷ್ಟೇ ಶುರುವಾಗಿದೆ. ಅದಕ್ಕೆ ರಿಸರ್ವಿಲ್ಲ, ಅಲ್ಲಾಡಿಸಿದರೆ ಸದ್ದಿಲ್ಲ, ಕೆಸುವಿನ ಎಲೆಯಲ್ಲಿ ಕರೆಂಟ್ ಸುರಿಯಲು ಬರುವುದಿಲ್ಲ. ಗೇಟಿನಲ್ಲಿ ನಿಂತವನು ಈಗ ಪ್ಲಗ್ ಪಾಯಿಂಟ್ ಕೇಳುತ್ತಾನೆ. ಮನೆಪೆದ ಮುಗಿದು, ಕಾಫಿ ಮುಗಿದು, ಮಧ್ಯಾಹ್ನದ ಊಟವಾದರೂ ಚಾರ್ಜ್ ಅರ್ಧಕ್ಕೆ ಬಂದಿರುವುದಿಲ್ಲ. ಜುಲೈ ತಿಂಗಳಾದರೆ ಅಷ್ಟರಲ್ಲಿ ಎಲ್ಲೋ ಮರ ಬಿದ್ದು ಕರೆಂಟ್ ಹೋಗುತ್ತದೆ, ಲೈನ್‌ಮ್ಯಾನ್ ಯಾವಾಗ ಬರುತ್ತಾನೆಂದು ಯಾರಿಗೂ ಗೊತ್ತಿಲ್ಲ. ಅರ್ಧ ಲೀಟರ್ ಕೊಟ್ಟು ಕಳುಹಿಸಬಹುದಾಗಿದ್ದ ಮನುಷ್ಯನಿಗೆ ಹಾಸಿಗೆ ಹಾಸಬೇಕು. ಮಾರನೆಯ ದಿನ ಪೇಟೆಗೆ ಹೋಗಿ ಬರಲು ಅವನು ಮೊಳೆಯಲ್ಲಿರುವ ಬೈಕಿನ ಕೀ ಕೇಳುತ್ತಾನೆ. ಅದರಲ್ಲಿ ಪೆಟ್ರೋಲ್ ಎಷ್ಟಿದೆಯೆಂದು ಮನೆಯವರು ಒಬ್ಬರ ಮುಖ ಒಬ್ಬರು ನೋಡುತ್ತಾರೆ.